ವೇಷದ ಕಣ್ಣಿಗೆ ತಕ್ಕ ಲೆನ್ಸ್: ಆರು ತಿಂಗಳ ದಾಖಲೆ

ಜೂನ್, ಎರಡನೆಯ ವಾರ

ಮಳೆಗಾಲದ ನಾಟ್ಯಾಭ್ಯಾಸ ಆರಂಭವಾಗಿದೆ. ನಮ್ಮದು ತೆಂಕುತಿಟ್ಟಿನ ಹವ್ಯಾಸಿ ಯಕ್ಷಗಾನ ತಂಡ. ಹಗಲು ಬೇರೆ ಬೇರೆ ಉದ್ಯೋಗಗಳಲ್ಲಿರುವ ಹದಿನಾಲ್ಕು ಮಂದಿ ವಾರಕ್ಕೆ ಎರಡು ಸಂಜೆ ಸೇರುತ್ತೇವೆ. ದೀಪಾವಳಿ ಕಳೆದ ಮೇಲೆ ನಡೆಯಲಿರುವ ಆಟದಲ್ಲಿ ನನಗೆ ಅಭಿಮನ್ಯುವಿನ ಪಾತ್ರವೆಂದು ಗುರುಗಳು ನಿಶ್ಚಯಿಸಿದ್ದಾರೆ. ಇದುವರೆಗೆ ನಾನು ಮಾಡಿದ್ದು ಹೆಚ್ಚಾಗಿ ನಿಂತು ಅರ್ಥ ಹೇಳುವ ಸಣ್ಣ ವೇಷಗಳು. ಕನ್ನಡಕವನ್ನು ವೇಷ ಕಟ್ಟುವ ಚೌಕಿಯಲ್ಲಿ ತೆಗೆದಿಟ್ಟು ಅಂದಾಜಿನ ಮೇಲೆ ನಡೆದರೂ ಆಟ ಸಾಗುತ್ತಿತ್ತು. ಅಭಿಮನ್ಯುವಿನಂಥ ಪುಂಡುವೇಷಕ್ಕೆ, ಅಂದರೆ ಚುರುಕಾಗಿ ಕುಣಿಯುವ ತರುಣ ವೀರನ ಪಾತ್ರಕ್ಕೆ, ಅದು ಸಾಲದು. ಕಳೆದ ವರ್ಷ ಸುತ್ತು ಬರುವಾಗ ರಂಗಸ್ಥಳದ ಅಂಚು ಕಾಣದೆ ನನ್ನ ಒಂದು ಕಾಲು ಹೊರಗೆ ಬಿದ್ದಿತ್ತು. ಧೀಂಗಿಣ, ಅಂದರೆ ಗಿರಕಿಯ ನೆಗೆತ, ಹಾರುವವನಿಗೆ ಹಾಗಾದರೆ ಮೂಳೆ ಮುರಿಯುತ್ತದೆ.

ಕನ್ನಡಕದ ಚೀಟಿಯಲ್ಲಿ ಇರುವುದು ಇಷ್ಟು: ಬಲಗಣ್ಣು −5.50, ಸಿಲಿಂಡರ್ −1.50, ಆಕ್ಸಿಸ್ 180; ಎಡಗಣ್ಣು −4.75, ಸಿಲಿಂಡರ್ −0.50, ಆಕ್ಸಿಸ್ 180. ಸಿಲಿಂಡರ್ ಎಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮ ಇರದಾಗ ಒಂದು ದಿಕ್ಕಿಗೆ ಬೇಕಾಗುವ ಹೆಚ್ಚುವರಿ ಪವರ್, ಆಕ್ಸಿಸ್ ಎಂದರೆ ಅದನ್ನು ಕೂರಿಸುವ ಕೋನ. ನವೆಂಬರಿನ ಒಳಗೆ ಈ ಕಣ್ಣುಗಳಿಗೆ ಹೊಂದುವ ಕಾಂಟ್ಯಾಕ್ಟ್ ಲೆನ್ಸ್ ಆರಿಸಿಕೊಂಡು, ಅದನ್ನು ಹಾಕಿಕೊಂಡೇ ಕುಣಿದು ರೂಢಿ ಮಾಡಿಕೊಳ್ಳಬೇಕಾಗಿದೆ.

ಜೂನ್, ಕೊನೆಯ ವಾರ

ಮೊದಲ ಪ್ರಯತ್ನ ಸರಿಹೋಗಲಿಲ್ಲ. ಒಂದು ಕನ್ನಡಕದ ಅಂಗಡಿಯಲ್ಲಿ ಚೀಟಿ ತೋರಿಸಿದಾಗ, ಸಿಲಿಂಡರ್ ಬಿಟ್ಟು ಉಳಿದ ಪವರನ್ನು ಹಾಗೆಯೇ ನಕಲು ಮಾಡಿ ತಿಂಗಳು ಬಳಸುವ ಸಾಫ್ಟ್ ಲೆನ್ಸ್ ಕೊಟ್ಟರು. ಕಣ್ಣನ್ನು ಯಾರೂ ಅಳೆಯಲಿಲ್ಲ. ಹಗಲು ಬೆಳಕಿನಲ್ಲಿ ತೃಪ್ತಿಯಾಗಿತ್ತು. ರಾತ್ರಿ ಅಭ್ಯಾಸದ ಸಭಾಂಗಣದಲ್ಲಿ ಬಲಗಣ್ಣಿಗೆ ಪ್ರತಿಯೊಂದು ದೀಪಕ್ಕೂ ಮೇಲೆ ಕೆಳಗೆ ಬಾಲ ಬೆಳೆದಂತೆ ಕಂಡಿತು. ಒಂದು ಗಂಟೆ ಕುಣಿಯುವಷ್ಟರಲ್ಲಿ ಕಣ್ಣು ಒಣಗಿ ಉರಿಯತೊಡಗಿತು. ಅಂದೇ ತೆಗೆದಿಟ್ಟೆ. ಕಣ್ಣನ್ನು ಅಳೆಯದೆ ಲೆನ್ಸ್ ಕೊಡುವುದು ಪಾದ ನೋಡದೆ ಚಪ್ಪಲಿ ಕೊಟ್ಟಂತಲ್ಲ, ಅದಕ್ಕಿಂತ ದೊಡ್ಡ ತಪ್ಪು. ಚಪ್ಪಲಿ ಕಚ್ಚಿದರೆ ಗುಳ್ಳೆ ಏಳುತ್ತದೆ, ಲೆನ್ಸ್ ಕಚ್ಚಿದರೆ ದೃಷ್ಟಿಯೇ ಹೋಗಬಹುದು.

ಜುಲೈ, ಮೂರನೆಯ ವಾರ

ಈ ಸಲ ಕಣ್ಣಿನ ಆಸ್ಪತ್ರೆಯ ಲೆನ್ಸ್ ವಿಭಾಗಕ್ಕೆ ಹೋದೆ. ಆಪ್ಟೊಮೆಟ್ರಿಸ್ಟ್ ಒಂದೂವರೆ ಗಂಟೆ ತೆಗೆದುಕೊಂಡರು. ಅವರು ಮೊದಲು ಕೇಳಿದ್ದು ಪವರನ್ನಲ್ಲ. ಲೆನ್ಸ್ ಹಾಕಿಕೊಂಡು ಏನು ಮಾಡುತ್ತೀರಿ, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಎಂದು. ಬೆವರು, ಬಣ್ಣ, ತೀವ್ರ ಬೆಳಕು, ಗಿರಗಿರನೆ ತಿರುಗುವ ಕುಣಿತ ಎಂದು ಹೇಳಿದಾಗ ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ, ಧೀಂಗಿಣ ಹೇಗಿರುತ್ತದೆ ಎಂದು ವಿಚಾರಿಸಿ ತಿಳಿದುಕೊಂಡರು.

ಅಳತೆಗಳಲ್ಲಿ ನನಗೆ ಹೆಚ್ಚು ತಿಳಿವು ಕೊಟ್ಟದ್ದು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಬಾಗು. ಬಲಗಣ್ಣಿನಲ್ಲಿ ಅದು ಅಡ್ಡಕ್ಕೆ 43.50, ಉದ್ದಕ್ಕೆ 45.00 ಡಯಾಪ್ಟರ್ (ಪವರಿನ ಮಾನ), ತ್ರಿಜ್ಯದ ಲೆಕ್ಕದಲ್ಲಿ ಸುಮಾರು 7.76 ಮತ್ತು 7.50 ಮಿಲಿಮೀಟರ್. ಕನ್ನಡಕದ 1.50 ಸಿಲಿಂಡರ್ ಎಲ್ಲಿಂದ ಬಂದಿತೆಂಬುದು ಆ ಎರಡು ಸಂಖ್ಯೆಗಳ ವ್ಯತ್ಯಾಸದಲ್ಲೇ ಇತ್ತು. ನನ್ನ ಕಾರ್ನಿಯಾ ಚೆಂಡಿನಂತೆ ಎಲ್ಲ ಕಡೆಯೂ ಸಮವಾಗಿ ಬಾಗಿಲ್ಲ; ಮೆತ್ತನೆಯ ಲೆನ್ಸ್ ಅದರ ಮೇಲೆ ಅದೇ ಆಕಾರ ತಾಳಿ ಕೂರುವುದರಿಂದ ದೋಷ ಹಾಗೆಯೇ ಉಳಿಯುತ್ತದೆ. ಜೂನಿನಲ್ಲಿ ಕಂಡ ದೀಪದ ಬಾಲಕ್ಕೆ ಕಾರಣ ಅದೇ.

ಎರಡನೆಯ ಪರೀಕ್ಷೆ ಕಣ್ಣೀರಿನದು. ಫ್ಲೋರೆಸೀನ್ ಎಂಬ ಬಣ್ಣ ತಾಗಿಸಿ, ರೆಪ್ಪೆ ಬಡಿಯದೆ ಇರಲು ಹೇಳಿ, ಕಣ್ಣೀರಿನ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ನೋಡಿದರು. ಹತ್ತು ಸೆಕೆಂಡ್ ಮೀರಿದರೆ ಚೆನ್ನ. ನನಗೆ ಬಲಗಡೆ ಹನ್ನೊಂದು, ಎಡಗಡೆ ಎಂಟು. ಇದು ರೋಗವಲ್ಲ, ಆದರೆ ಲೆನ್ಸ್ ಆರಿಸುವಾಗ ಮರೆಯಬಾರದ ಸಂಗತಿ. ಅಭಿನಯದ ಆವೇಶದಲ್ಲಿ ಕಣ್ಣರಳಿಸಿ ನಿಲ್ಲುವ ನಾವು ರೆಪ್ಪೆ ಬಡಿಯುವುದೇ ಕಡಿಮೆ.

ಗಟ್ಟಿ ಲೆನ್ಸಿನ ಬಗೆಗೂ ಮಾತಾಯಿತು. ಆರ್‌ಜಿಪಿ ಎಂದು ಕರೆಯುವ ಈ ಲೆನ್ಸ್ ತನ್ನ ಆಕಾರ ಬಿಟ್ಟುಕೊಡುವುದಿಲ್ಲ. ಅದರ ಮತ್ತು ಕಾರ್ನಿಯಾದ ನಡುವಿನ ಏರುತಗ್ಗನ್ನು ಕಣ್ಣೀರೇ ತುಂಬಿಬಿಡುವುದರಿಂದ ನನ್ನಂಥವರ ಸಿಲಿಂಡರ್ ತಾನಾಗಿ ಸರಿಹೋಗಿ ನೋಟ ಬಹಳ ಸ್ಪಷ್ಟವಾಗಿರುತ್ತದೆ. ಆದರೆ ಅದರ ಅಗಲ 9ರಿಂದ 10 ಮಿಲಿಮೀಟರ್ ಮಾತ್ರ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಅದು ಜರುಗುತ್ತದೆ, ಧೂಳು ಅಡಿಗೆ ಸೇರಿದರೆ ಚುಚ್ಚುತ್ತದೆ, ಒಗ್ಗಲು ವಾರಗಟ್ಟಲೆ ಬಿಡದೆ ಹಾಕಬೇಕಾಗುತ್ತದೆ. ವಾರಕ್ಕೆ ಎರಡು ದಿನ ಹಾಕಿ, ಹಾರಿ ಕುಣಿಯುವವನಿಗೆ ಅದು ತಕ್ಕದ್ದಲ್ಲ. ಸಾಫ್ಟ್ ಲೆನ್ಸ್ 14 ಮಿಲಿಮೀಟರಿಗೂ ಹೆಚ್ಚು ಅಗಲವಿದ್ದು, ಕಾರ್ನಿಯಾವನ್ನು ದಾಟಿ ಬಿಳಿಗುಡ್ಡೆಯ ಮೇಲೆ ಅಂಚೂರಿ ಕೂರುತ್ತದೆ. ಆದ್ದರಿಂದ ಸಾಫ್ಟ್ ಲೆನ್ಸೇ, ಬಲಗಣ್ಣಿಗೆ ಸಿಲಿಂಡರ್ ಸರಿಪಡಿಸುವ ಟೋರಿಕ್ ಬಗೆ ಎಂದು ತೀರ್ಮಾನಿಸಿದೆವು.

ಆಗಸ್ಟ್, ಮೊದಲ ವಾರ

ಪವರಿನ ಲೆಕ್ಕವನ್ನು ಮನೆಯಲ್ಲಿ ನಾನೇ ಮಾಡಿ ನೋಡಿದೆ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರವಿರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಇರುತ್ತದೆ. 4 ಡಯಾಪ್ಟರ್ ದಾಟಿದ ಪವರಿಗೆ ಈ ದೂರ ಗಣನೆಗೆ ಬರುತ್ತದೆ. ಬಲಗಣ್ಣಿನ ಒಂದು ದಿಕ್ಕಿನಲ್ಲಿ −5.50, ಇನ್ನೊಂದು ದಿಕ್ಕಿನಲ್ಲಿ −7.00, ಕಣ್ಣಿನ ಮೇಲೆ ತಂದಾಗ ಅವು −5.16 ಮತ್ತು −6.46 ಆಗುತ್ತವೆ. ಅಂದರೆ ಸಿಲಿಂಡರ್ 1.50ರಿಂದ 1.30ಕ್ಕೆ ಇಳಿಯುತ್ತದೆ. ಸಿಗುವ ಅಳತೆಗಳಲ್ಲಿ ಹತ್ತಿರದ್ದು −5.25, ಸಿಲಿಂಡರ್ −1.25. ಎಡಗಣ್ಣಿನ 0.50 ಸಿಲಿಂಡರ್ ಚಿಕ್ಕದಾದ್ದರಿಂದ ಅದರ ಅರ್ಧವನ್ನು ಪವರಿಗೆ ಸೇರಿಸಿದರೆ −5.00, ದೂರದ ಲೆಕ್ಕ ಕಳೆದರೆ −4.75. ಆಪ್ಟೊಮೆಟ್ರಿಸ್ಟ್ ತಮ್ಮ ಲೆಕ್ಕದ ಹಾಳೆ ತೋರಿಸಿದಾಗ ಎರಡೂ ತಾಳೆಯಾದುವು. ಆ ಸಂತೋಷವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಾಕಿ ನೋಡಲು ಕೊಟ್ಟ ಟ್ರಯಲ್ ಲೆನ್ಸಿನ ಬೇಸ್ ಕರ್ವ್, ಅಂದರೆ ಒಳಬದಿಯ ಬಾಗಿನ ತ್ರಿಜ್ಯ, 8.6 ಮಿಲಿಮೀಟರ್. ಟೋರಿಕ್ ಲೆನ್ಸ್ ಕಣ್ಣಿನಲ್ಲಿ ತಿರುಗಬಾರದು. ಅದಕ್ಕಾಗಿ ಕೆಲವು ಬಗೆಗಳಲ್ಲಿ ಕೆಳಭಾಗವನ್ನು ದಪ್ಪಗೊಳಿಸಿರುತ್ತಾರೆ, ಇನ್ನು ಕೆಲವು ಬಗೆಗಳಲ್ಲಿ ರೆಪ್ಪೆಯ ಒತ್ತಡವೇ ಲೆನ್ಸನ್ನು ನೆಟ್ಟಗೆ ನಿಲ್ಲಿಸುವಂತೆ ಮೇಲೂ ಕೆಳಗೂ ತೆಳುಮಾಡಿರುತ್ತಾರೆ. ಲೆನ್ಸಿನ ಮೇಲೊಂದು ಸಣ್ಣ ಗೆರೆ ಇರುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆರು ಗಂಟೆಯ ಜಾಗದಲ್ಲಿರಬೇಕಾದ ಆ ಗೆರೆ ಪರೀಕ್ಷಕರ ಎಡಕ್ಕೆ 10 ಡಿಗ್ರಿ ವಾಲಿ ನಿಂತಿತ್ತು. ಎಡಕ್ಕೆ ವಾಲಿದರೆ ಕೂಡಿಸು, ಬಲಕ್ಕೆ ವಾಲಿದರೆ ಕಳೆ ಎಂಬುದು ಅವರ ಸೂತ್ರ. 180ಕ್ಕೆ 10 ಕೂಡಿದರೆ 190, ಅಂದರೆ ಆಕ್ಸಿಸ್ 10. ಲೆನ್ಸ್ 30 ಡಿಗ್ರಿ ತಪ್ಪಿ ಕೂತರೆ ಮೊದಲಿದ್ದಷ್ಟೇ ಸಿಲಿಂಡರ್ ಮತ್ತೆ ಉಳಿದುಬಿಡುತ್ತದಂತೆ, ಟೋರಿಕ್ ಹಾಕಿದ್ದೇ ವ್ಯರ್ಥವಾಗುತ್ತದಂತೆ. ಇದನ್ನು ಕೇಳಿದ ಮೇಲೆ, ಕಣ್ಣಿನ ಮೇಲೆ ಹಾಕಿ ನೋಡದೆ ಟೋರಿಕ್ ಲೆನ್ಸನ್ನು ಚೀಟಿ ನೋಡಿ ತರಿಸಿಕೊಳ್ಳುವುದು ಸರಿಯಲ್ಲವೆಂಬ ನನ್ನ ಅಭಿಪ್ರಾಯ ಗಟ್ಟಿಯಾಯಿತು.

ಆಗಸ್ಟ್, ಕೊನೆಯ ವಾರ

ಲೆನ್ಸ್ ಹಾಕಿಕೊಂಡು ಕುಣಿದೆ. ಸುತ್ತಿನ ನಡುವೆ ಬಲಗಣ್ಣಿನ ನೋಟ ಕ್ಷಣಕಾಲ ಕದಡುತ್ತದೆ, ನಿಂತು ಎರಡು ಮೂರು ಸಲ ರೆಪ್ಪೆ ಬಡಿದರೆ ತಿಳಿಯಾಗುತ್ತದೆ. ಸುತ್ತು ಮುಗಿದು ಬಿಡ್ತಿಗೆಯ ಹೆಜ್ಜೆ ಇಡುವ ಮೊದಲೇ ಅದು ಸರಿಹೋಗುವುದರಿಂದ ತೊಂದರೆಯಿಲ್ಲ. ರಂಗಸ್ಥಳದ ಅಂಚು ಸ್ಪಷ್ಟವಾಗಿ ಕಾಣುತ್ತದೆ.

ಸೆಪ್ಟೆಂಬರ್, ಎರಡನೆಯ ವಾರ

ತಿಂಗಳ ಲೆನ್ಸೋ, ಒಂದು ದಿನ ಹಾಕಿ ಎಸೆಯುವ ಲೆನ್ಸೋ ಎಂಬ ಪ್ರಶ್ನೆ ಇತ್ತು. ತಿಂಗಳ ಲೆನ್ಸಿನ ಆಯುಸ್ಸು ಪೊಟ್ಟಣ ಒಡೆದ ದಿನದಿಂದ ಲೆಕ್ಕ, ಹಾಕಿದ ದಿನಗಳಿಂದಲ್ಲ; ನಾನು ತಿಂಗಳಿಗೆ ಎಂಟು ಹತ್ತು ಸಲ ಹಾಕಿದರೂ ಅದನ್ನು ಎಸೆಯಲೇಬೇಕು. ಜೊತೆಗೆ ದ್ರಾವಣದ ಖರ್ಚು, ಅಂಗೈಯಲ್ಲಿಟ್ಟು ಉಜ್ಜಿ ತೊಳೆಯುವ ಶ್ರಮ, ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸುವ ನೆನಪು ಬೇಕು. ಬಣ್ಣದ ಎಣ್ಣೆ ತಾಗಿದ ಲೆನ್ಸನ್ನು ಮರುದಿನ ಮತ್ತೆ ಕಣ್ಣಿಗೆ ಹಾಕಲು ನನಗೆ ಮನಸ್ಸಿಲ್ಲ. ಹೀಗೆ ದಿನದ ಲೆನ್ಸನ್ನೇ ಆರಿಸಿದೆ.

ಸಾಮಗ್ರಿಯ ವಿಷಯದಲ್ಲಿ ಸ್ವಲ್ಪ ಓದಿಕೊಂಡೆ. ಮೆತ್ತನೆಯ ಲೆನ್ಸಿಗೆ ದಾರಿ ತೋರಿದವರು ಚೆಕೊಸ್ಲೊವಾಕಿಯಾದ ರಸಾಯನಶಾಸ್ತ್ರಜ್ಞ ಒಟ್ಟೊ ವಿಕ್ಟರ್‌ಲೆ. 1961ರ ಕ್ರಿಸ್ಮಸ್ ದಿನಗಳಲ್ಲಿ ಅವರು ಮಕ್ಕಳ ಜೋಡಣೆಯ ಆಟಿಕೆಯಿಂದ ಮಾಡಿದ ಯಂತ್ರದಲ್ಲಿ ತಮ್ಮ ಮನೆಯಲ್ಲೇ ಲೆನ್ಸ್ ಎರಕ ಹೊಯ್ದರು. ಆ ಲೆನ್ಸಿನ ಹೈಡ್ರೋಜೆಲ್‌ನಲ್ಲಿ, ಅಂದರೆ ನೀರು ಹೀರುವ ಮೆತ್ತನೆಯ ವಸ್ತುವಿನಲ್ಲಿ, ಆಮ್ಲಜನಕ ಸಾಗುವುದು ಒಳಗಿರುವ ನೀರಿನ ಮೂಲಕ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಕಣ್ಣು ತೆರೆದಿರುವಾಗ ಅದು ಉಸಿರಾಡುವುದು ಹೊರಗಿನ ಗಾಳಿಯಿಂದ. 1999ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ ಸಿಲಿಕೋನೇ ಆಮ್ಲಜನಕವನ್ನು ದಾಟಿಸುವುದರಿಂದ ಹೆಚ್ಚು ನೀರು ಬೇಕಾಗುವುದಿಲ್ಲ. ನೀರಿನಂಶ ಹೆಚ್ಚಿರುವ ಲೆನ್ಸ್ ಒಣಗುವಾಗ ಕಣ್ಣೀರನ್ನೇ ಹೀರುತ್ತದೆ. ಎಂಟು ಸೆಕೆಂಡಿಗೆ ಪೊರೆ ಒಡೆಯುವ ನನ್ನ ಎಡಗಣ್ಣಿಗೆ ಕಡಿಮೆ ನೀರಿನ ಸಿಲಿಕೋನ್ ಹೈಡ್ರೋಜೆಲ್ ಹಿತವಾಗಿದೆ. ಮೂರು ಗಂಟೆಯ ಅಭ್ಯಾಸದಲ್ಲಿ ಉರಿ ಬರಲಿಲ್ಲ.

ಅಕ್ಟೋಬರ್, ಮೊದಲ ವಾರ

ನನ್ನನ್ನು ನೋಡಿ ತಂಡದ ಇತರರೂ ಕೇಳತೊಡಗಿದ್ದಾರೆ. ಐವತ್ತು ದಾಟಿದ ನಮ್ಮ ಭಾಗವತರಿಗೆ ಪ್ರಸಂಗದ ಪದ್ಯವೂ ಕಾಣಬೇಕು, ರಂಗದ ಮೇಲಿನ ಪಾತ್ರಧಾರಿಯೂ ಕಾಣಬೇಕು. ಅವರು ಮಲ್ಟಿಫೋಕಲ್ ಲೆನ್ಸ್ ಪ್ರಯೋಗಿಸಿದರು; ಹತ್ತಿರದ ಮತ್ತು ದೂರದ ನೋಟಕ್ಕೆ ಬೆಳಕನ್ನು ಹಂಚಿಕೊಡುವ ಆ ಲೆನ್ಸಿನಲ್ಲಿ ಮಂದ ಬೆಳಕಿನ ಅಕ್ಷರಗಳು ಮಸುಕಾದವೆಂದು ಬಿಟ್ಟು, ಪ್ರೋಗ್ರೆಸಿವ್ ಕನ್ನಡಕಕ್ಕೇ ಮರಳಿದರು. ಕುಳಿತು ಹಾಡುವವರಿಗೆ ಕನ್ನಡಕದಿಂದ ಯಾವ ಅಡ್ಡಿಯೂ ಇಲ್ಲ. ಅವರ ನಿರ್ಧಾರ ಸರಿಯೆಂದೇ ನನಗನ್ನಿಸುತ್ತದೆ.

ತಂಡದ ಕಿರಿಯನೊಬ್ಬನಿಗೆ ಆರು ತಿಂಗಳಿಗೊಮ್ಮೆ ಸಿಲಿಂಡರ್ ಬದಲಾಗುತ್ತಿತ್ತು, ಸದಾ ಕಣ್ಣುಜ್ಜುವ ಅಭ್ಯಾಸವೂ ಇತ್ತು. ಲೆನ್ಸ್ ಕೊಳ್ಳುವ ಮೊದಲು ಪರೀಕ್ಷೆ ಮಾಡಿಸೆಂದು ಒತ್ತಾಯಿಸಿದೆ. ಕಾರ್ನಿಯಾದ ಆಕಾರ ಚಿತ್ರಿಸುವ ಟೋಪೋಗ್ರಫಿಯಲ್ಲಿ ಕೆರಟೋಕೋನಸ್ ಕಂಡುಬಂದಿತು. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ತೊಂದರೆ ಅದು. ಅವನಿಗೆ ಮೊದಲು ಅದರ ಚಿಕಿತ್ಸೆ, ಬಳಿಕ ಗಟ್ಟಿ ಲೆನ್ಸ್ ಅಥವಾ ಬಿಳಿಗುಡ್ಡೆಯ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್. ನನಗೆ ತಕ್ಕದ್ದಲ್ಲವೆಂದು ಬದಿಗಿಟ್ಟ ಬಗೆಯೇ ಅವನಿಗೆ ದೃಷ್ಟಿ ಕೊಡಲಿದೆ.

ರಾಕ್ಷಸ ವೇಷಕ್ಕೆ ಕೆಂಪು ಬಣ್ಣದ ಲೆನ್ಸ್ ತರಿಸೋಣವೆಂಬ ಸಲಹೆ ಬಂದಾಗ ನಾನು ವಿರೋಧಿಸಿದೆ. ಪವರ್ ಇಲ್ಲದ್ದೆಂಬ ಮಾತ್ರಕ್ಕೆ ಅದು ಆಭರಣವಾಗುವುದಿಲ್ಲ. ಕಣ್ಣನ್ನು ಅಳೆಯದೆ, ಒಬ್ಬರಿಂದೊಬ್ಬರು ಪಡೆದು ಹಾಕಿಕೊಂಡರೆ ಸೋಂಕಿನ ಅಪಾಯ ಖಂಡಿತ ಇದೆ. ಗುರುಗಳು ನನ್ನ ಮಾತನ್ನು ಒಪ್ಪಿದರು.

ಅಕ್ಟೋಬರ್, ಕೊನೆಯ ವಾರ

ಚೌಕಿಯ ಕ್ರಮ ನಿಶ್ಚಯಿಸಿಕೊಂಡೆ. ಕೈಯನ್ನು ಸೋಪಿನಿಂದ ತೊಳೆದು, ಹೊಸ ಬಟ್ಟೆಯಲ್ಲಿ ನೀರಿನ ಪಸೆ ಇರದಂತೆ ಒರೆಸಿಕೊಂಡು, ಬಣ್ಣ ಮುಟ್ಟುವ ಮೊದಲೇ ಲೆನ್ಸ್ ಹಾಕಬೇಕು. ಆಟ ಮುಗಿದ ಮೇಲೆ ಮೊದಲು ಲೆನ್ಸ್ ತೆಗೆದು, ಅನಂತರ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಬೇಕು. ಚೌಕಿಯ ಬಾವಿನೀರು ಎಷ್ಟೇ ತಿಳಿಯಾಗಿದ್ದರೂ ಲೆನ್ಸಿಗೆ ತಾಗಬಾರದು. ಬಾವಿ, ನಲ್ಲಿ, ಕೆರೆ ಎಲ್ಲ ನೀರಿನಲ್ಲೂ ಇರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಲೆನ್ಸಿನಡಿ ಸೇರಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ತಮ್ಮ ಪ್ರವೇಶಕ್ಕೆ ಕಾಯುತ್ತ ಚೌಕಿಯಲ್ಲಿ ಒರಗಿ ಕಣ್ಣು ಮುಚ್ಚುವುದು ನಮ್ಮಲ್ಲಿ ಎಲ್ಲರ ರೂಢಿ. ಲೆನ್ಸ್ ಹಾಕಿಕೊಂಡ ಮೇಲೆ ನಾನು ನಿದ್ರಿಸುವಂತಿಲ್ಲ. ತೂಕಡಿಸಿದರೆ ಎಬ್ಬಿಸಲು ಪಕ್ಕದ ವೇಷಧಾರಿಗೆ ಹೇಳಿದ್ದೇನೆ.

ನವೆಂಬರ್, ಆಟದ ಮರುದಿನ

ಕಾಲಮಿತಿಯ ಆಟ. ಸಂಜೆ ನಾಲ್ಕಕ್ಕೆ ಲೆನ್ಸ್ ಹಾಕಿದೆ, ರಾತ್ರಿ ಹನ್ನೊಂದಕ್ಕೆ ತೆಗೆದೆ; ಒಟ್ಟು ಏಳು ಗಂಟೆ. ಎರಡನೆಯ ಪದ್ಯದ ಹೊತ್ತಿಗೆ ಹಣೆಯ ಬೆವರು ಬಣ್ಣದೊಡನೆ ಎಡಗಣ್ಣಿಗೆ ಇಳಿದು ಉರಿಯಿತು. ಲೆನ್ಸ್ ಜಾರಲಿಲ್ಲ, ಪರದೆಯ ಹಿಂದೆ ಬಂದಾಗ ಲೆನ್ಸಿನ ಮೇಲೆ ಹಾಕಬಹುದಾದ ಹನಿ ಬಿಟ್ಟುಕೊಂಡೆ. ಚಕ್ರವ್ಯೂಹದ ಸುತ್ತಿನಲ್ಲಿ ಪ್ರತಿ ಸಲ ಹಿಂದಕ್ಕೆ ತಿರುಗಿದಾಗಲೂ ಚೆಂಡೆಯವರ ಮುಖ, ಭಾಗವತರ ಕೈಯ ಜಾಗಟೆ ಎರಡೂ ಕಂಡವು. ಇಷ್ಟು ವರ್ಷ ಅವರನ್ನು ನಾನು ರಂಗದ ಮೇಲಿಂದ ಕೇಳಿದ್ದೆ, ನೋಡಿರಲಿಲ್ಲ.

ಈ ಬೆಳಿಗ್ಗೆ ಎಡಗಣ್ಣು ಸ್ವಲ್ಪ ಕೆಂಪಾಗಿತ್ತು, ಮಧ್ಯಾಹ್ನಕ್ಕೆ ತಿಳಿಯಾಯಿತು. ಆದರೂ ಈ ವಾರ ಕನ್ನಡಕವನ್ನೇ ಹಾಕುತ್ತೇನೆ. ಶನಿವಾರ ಆಪ್ಟೊಮೆಟ್ರಿಸ್ಟ್ ಬಳಿ ಹೋಗಿ ಎಡಗಣ್ಣಿನ ಕಣ್ಣೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಮುಂದಿನ ಆಟ ಜನವರಿಯಲ್ಲಿದೆ.