ಕಾಲುವೆ ದೋಣಿಯಲ್ಲಿ ಮೂರು ವಾರ: ಹೋಗುವವರಿಗೆ ಒಂದಿಷ್ಟು ಮಾತು

ನನ್ನ ತಮ್ಮ ಇಂಗ್ಲೆಂಡಿನಲ್ಲಿ ದೋಣಿಯ ಮೇಲೇ ಸಂಸಾರ ಹೂಡಿದ್ದಾನೆ. ವಿಲ್ಟ್‌ಶೈರಿನ ಬ್ರ್ಯಾಡ್‌ಫರ್ಡ್-ಆನ್-ಏವನ್ ಎಂಬ ಊರಿನಿಂದ ಸ್ವಲ್ಪ ಪೂರ್ವಕ್ಕೆ, ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ, ಹೊಲದ ಬದಿಗೆ ಅವನ ಮೂರಿಂಗ್, ಅಂದರೆ ದೋಣಿ ಕಟ್ಟುವ ಜಾಗ. ಹೋದ ವರ್ಷ ಅಕ್ಟೋಬರ್ ಕೊನೆಗೆ ನಾನೂ ನಮ್ಮನೆಯವರೂ ಹೋಗಿ ಮೂರು ವಾರ ಇದ್ದು ಬಂದೆವು. ಫೋಟೊ ನೋಡಿದವರೆಲ್ಲ ತಾವೂ ಹೋಗಬೇಕು ಅನ್ನುತ್ತಿದ್ದಾರೆ. ಹೋಗಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ದಿನದ ಮುಕ್ಕಾಲು ಹೊತ್ತು ಹೋಗುವುದು ಫೋಟೊಕ್ಕೆ ಸಿಗದ ಕೆಲಸಗಳಿಗೆ: ನೀರು, ಬೆಂಕಿ, ಕರೆಂಟು, ಕಕ್ಕಸು. ಈ ನಾಲ್ಕನ್ನು ಮನೆಯವರ ಜೊತೆ ಹಂಚಿಕೊಂಡು ಮಾಡುವ ಮನಸ್ಸಿದ್ದರೆ ಮಾತ್ರ ಹೊರಡಿ ಎಂದು ನಾನು ಹೇಳುತ್ತೇನೆ.

ತಲುಪುವುದು ಸುಲಭ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬಾತ್‌ಗೆ ಸುಮಾರು ಒಂದೂವರೆ ಗಂಟೆಯ ರೈಲು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಕಾಲು ಗಂಟೆ. ಟಿಕೆಟ್ ತೆಗೆಯುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ನಿಮ್ಮವರ ದೋಣಿಗೆ ಕಾಯಂ ಮೂರಿಂಗ್ ಇದೆಯೋ ಇಲ್ಲವೋ? ಇಲ್ಲದಿದ್ದರೆ 1995ರ ಕಾಯ್ದೆಯ ಪ್ರಕಾರ ಅವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಮುಂದೆ ಸಾಗುತ್ತಲೇ ಇರಬೇಕು. ನೀವು ಇಳಿಯಬೇಕಾದ ಸ್ಟೇಷನ್ನೇ ಬದಲಾಗಬಹುದು. ವೀಸಾ ಅರ್ಜಿಯಲ್ಲಿ ತಂಗುವ ವಿಳಾಸ ಕೇಳುತ್ತಾರೆ, ದೋಣಿಗೆ ಅಂಚೆ ವಿಳಾಸ ಇರುವುದು ಅಪರೂಪ. ಏನು ಬರೆಯಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಸಾಮಾನಿನ ವಿಷಯ. ನ್ಯಾರೋಬೋಟ್ ಎನ್ನುವ ಈ ದೋಣಿಗಳ ಅಗಲ ಹೊರಗಿನಿಂದ ಆರು ಅಡಿ ಹತ್ತು ಇಂಚು. ಇಂಗ್ಲೆಂಡಿನ ಎಷ್ಟೋ ಕಾಲುವೆಗಳ ಲಾಕ್‌ಗಳು ಏಳೇ ಅಡಿ ಅಗಲ ಇರುವುದರಿಂದ ಈ ಅಳತೆ. ಲಾಕ್ ಅಂದರೆ ಎರಡೂ ಕಡೆ ಬಾಗಿಲಿರುವ ತೊಟ್ಟಿ, ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ದೋಣಿಯನ್ನು ಏರಿಸುವ, ಇಳಿಸುವ ಜಾಗ. ತಮ್ಮನ ದೋಣಿ 57 ಅಡಿ ಉದ್ದ, ಒಳಗೆ ಆರಡಿ ಅಗಲ ಸಿಕ್ಕರೆ ಹೆಚ್ಚು. ಒಬ್ಬರು ಎದುರಿಗೆ ಬಂದರೆ ಇನ್ನೊಬ್ಬರು ಪಕ್ಕಕ್ಕೆ ಸರಿದು ನಿಲ್ಲಬೇಕು. ನಾವು ಒಯ್ದ ಎರಡು ಗಟ್ಟಿ ಸೂಟ್‌ಕೇಸ್‌ಗಳನ್ನು ಇಡಲು ಜಾಗವೇ ಸಿಗದೆ, ಮೂರು ವಾರವೂ ಅವು ತಮ್ಮನ ಗೆಳೆಯರ ಮನೆಯಲ್ಲಿದ್ದವು. ಮಡಚಿಡಬಹುದಾದ ಬಟ್ಟೆಯ ಬ್ಯಾಗು ಒಯ್ಯಿರಿ.

ಈಗ ನೀರು. ದೋಣಿಯ ಮೂತಿಯ ಭಾಗದಲ್ಲಿ ಟ್ಯಾಂಕು, ಇವರದ್ದು 400 ಲೀಟರಿನದು. ನಾವು ನಾಲ್ವರು. ಮೊದಲ ಸಲ ಮೂರೇ ದಿನಕ್ಕೆ ಖಾಲಿಯಾಯಿತು. ಅಕ್ಕಿ ತೊಳೆಯುವಾಗ, ಪಾತ್ರೆ ಬೆಳಗುವಾಗ ನಲ್ಲಿ ಬಿಟ್ಟುಕೊಂಡಿರುವ ನಮ್ಮ ರೂಢಿಯೇ ಕಾರಣ. ಆಮೇಲೆ ಬೇಸನ್ ಇಟ್ಟುಕೊಂಡು ತೊಳೆಯತೊಡಗಿದೆ, ಐದು ದಿನ ಬಂತು. ಊರಿನಲ್ಲಾದರೆ ಟ್ಯಾಂಕರಿಗೆ ಫೋನ್ ಮಾಡಬಹುದು. ಇಲ್ಲಿ ದೋಣಿಯನ್ನೇ ನಲ್ಲಿಯ ಹತ್ತಿರ ಒಯ್ಯಬೇಕು. 57 ಅಡಿಯ ದೋಣಿಯನ್ನು ಎಲ್ಲೆಂದರಲ್ಲಿ ತಿರುಗಿಸಲೂ ಆಗದು, ಅದಕ್ಕೆಂದೇ ಕಾಲುವೆಯನ್ನು ಅಗಲ ಮಾಡಿದ ಜಾಗಗಳಿವೆ. ಹೋಗಿ, ಕುಡಿಯುವ ನೀರಿಗೆಂದೇ ಇರುವ ಪೈಪು ಹಾಕಿ, ಒಂದು ಗಂಟೆ ಕಾದು ತುಂಬಿಸಿಕೊಂಡು, ತಿರುಗಿಸಿ ವಾಪಸ್ ಬಂದು ಕಟ್ಟುವಷ್ಟರಲ್ಲಿ ಅರ್ಧ ದಿನ. ಕಾಲುವೆಯನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟಿನ ಈ ಸೇವಾ ಜಾಗಗಳ ಬೀಗಕ್ಕೆಲ್ಲ ಒಂದೇ ನಮೂನೆಯ ಕೀಲಿ. ದೋಣಿಯವರು ಅದನ್ನು ಕಾರ್ಕಿನ ಉಂಡೆಗೆ ಕಟ್ಟಿಕೊಂಡಿರುತ್ತಾರೆ, ನೀರಿಗೆ ಬಿದ್ದರೂ ತೇಲಲಿ ಎಂದು.

ಸಿಂಕಿನ ನೀರು, ಸ್ನಾನದ ನೀರು ನೇರ ಕಾಲುವೆಗೇ ಹೋಗುತ್ತದೆ. ಇದು ನನಗೆ ತುಂಬ ಕಸಿವಿಸಿ ತಂದ ಸಂಗತಿ, ಏಕೆಂದರೆ ಎರಡು ಮಾರು ದೂರದಲ್ಲಿ ನೀರುಕೋಳಿ ಮರಿ ಮಾಡಿಕೊಂಡಿರುತ್ತದೆ. ತಮ್ಮನ ಹೆಂಡತಿ ಸೌಮ್ಯವಾದ ಸೋಪು ಬಿಟ್ಟು ಬೇರೆ ಬಳಸುವುದಿಲ್ಲ. ಬಾಣಲೆಯ ಎಣ್ಣೆಯನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೇ ತೊಳೆಯಿರಿ.

ಕಕ್ಕಸಿನ ಬಗ್ಗೆ ಕೇಳಲು ಎಲ್ಲರಿಗೂ ಸಂಕೋಚ, ಹಾಗಾಗಿ ನಾನೇ ಹೇಳುತ್ತೇನೆ. ಇವರದ್ದು ಕ್ಯಾಸೆಟ್ ನಮೂನೆ. ಕೆಳಗೆ ಸುಮಾರು 20 ಲೀಟರ್ ಹಿಡಿಯುವ ಪೆಟ್ಟಿಗೆ, ತುಂಬಿದ ಕೂಡಲೇ ಹೊರಗೆಳೆದು, ಎಲ್ಸನ್ ಎನ್ನುವ ವಿಲೇವಾರಿ ಜಾಗಕ್ಕೆ ಹೊತ್ತು ಸುರಿದು ತೊಳೆದು ತರಬೇಕು. ನಾವು ನೀರು ಬಳಸುವವರು. ತಂಬಿಗೆಗಟ್ಟಲೆ ಸುರಿದರೆ ಪೆಟ್ಟಿಗೆ ಒಂದೇ ದಿನಕ್ಕೆ ತುಂಬುತ್ತದೆ. ಕೈಯಲ್ಲಿ ಒತ್ತುವ ಸಣ್ಣ ಬಾಟಲಿ ಒಯ್ದರೆ ಕಾಲು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ, ಊರಿನಿಂದಲೇ ತೆಗೆದುಕೊಂಡು ಹೋಗಿ. ಒದ್ದೆ ವೈಪ್ಸ್ ಮಾತ್ರ ಯಾವ ಕಾರಣಕ್ಕೂ ಅದರೊಳಗೆ ಹಾಕಬೇಡಿ. ಪೆಟ್ಟಿಗೆ ಹೊರುವ ಸರದಿಯಲ್ಲಿ ನೆಂಟರೂ ಸೇರಬೇಕು. ನಮ್ಮನೆಯವರು ಎರಡನೇ ದಿನವೇ ಕೈಗವಸು ಹಾಕಿಕೊಂಡು ಹೊರಟಾಗ ತಮ್ಮ "ಬೇಡ ಭಾವ" ಅಂದ. ಇವರು ಕೇಳಲಿಲ್ಲ. ಆ ಮನೆಯಲ್ಲಿ ನಮಗೆ ಸಲುಗೆ ಬಂದದ್ದು ಅಂದಿನಿಂದ.

ಬೆಂಕಿಯ ಕೆಲಸ ನಾನು ವಹಿಸಿಕೊಂಡೆ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಬಚ್ಚಲ ಹಂಡೆಗೆ ಉರಿ ಹಾಕಿ ಬೆಳೆದವಳು, ಬೆಂಕಿ ನನಗೆ ಹೊಸದಲ್ಲ. ಆದರೆ ಉಕ್ಕಿನ ಡಬ್ಬಿಯಂಥ ಮನೆಯೊಳಗಿನ ಬೆಂಕಿಯ ರೀತಿಯೇ ಬೇರೆ. ಎರಕದ ಕಬ್ಬಿಣದ ಪುಟ್ಟ ಒಲೆಗೆ ಹೊಗೆ ಕಡಿಮೆ ಬರುವ ಕಲ್ಲಿದ್ದಲ ಉಂಡೆ ಹಾಕುತ್ತಾರೆ. ರಾತ್ರಿ ಮಲಗುವಾಗ ಉಂಡೆ ತುಂಬಿ, ಗಾಳಿಯ ಕಿಂಡಿಯನ್ನು ಕೂದಲೆಳೆಯಷ್ಟು ತೆರೆದಿಟ್ಟರೆ ಬೆಳಿಗ್ಗೆಯವರೆಗೆ ಕೆಂಡ ಇರುತ್ತದೆ. ಪೂರ್ತಿ ಆರಿದರೆ ಆರು ಗಂಟೆಗೆ ಎದ್ದವರ ಬಾಯಿಂದ ಆವಿ ಬರುವಷ್ಟು ಚಳಿ. ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಮಾರುವ ದೋಣಿಯೇ ಕೆಲವು ವಾರಕ್ಕೊಮ್ಮೆ ಕಾಲುವೆಯಲ್ಲಿ ಬರುತ್ತದೆ. ನಮ್ಮ ಊರಿನಲ್ಲಿ ಗಾಡಿಯ ಮೇಲೆ ಸಾಮಾನು ಬಂದಂತೆ, ಅಕ್ಕಪಕ್ಕದ ದೋಣಿಯವರೆಲ್ಲ ಹೊರಗೆ ಬಂದು ನಿಲ್ಲುತ್ತಾರೆ.

ಇಲ್ಲಿ ಜೀವದ ಪ್ರಶ್ನೆಯಾದ ಒಂದು ಮಾತು. ಉರಿಯುವ ಒಲೆಯಿಂದ, ಬಿಸಿ ಬೂದಿಯಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. 2019ರ ಏಪ್ರಿಲ್‌ನಿಂದ ವಾಸದ ಕೋಣೆಯಿರುವ ದೋಣಿಗಳಲ್ಲಿ ಇದರ ಅಲಾರಂ ಇರಲೇಬೇಕೆಂಬ ನಿಯಮವಿದೆ. ನೀವು ಮಲಗುವ ಕೋಣೆಯಲ್ಲಿ ಅದು ಇದೆಯೇ, ಗುಂಡಿ ಒತ್ತಿದರೆ ಕೂಗುತ್ತದೆಯೇ ನೋಡಿಕೊಳ್ಳಿ. ಚಳಿ ಎಂದು ಚಾವಣಿಯ ಗಾಳಿಕಿಂಡಿಗೆ ಬಟ್ಟೆ ತುರುಕಬೇಡಿ. ಮೊದಲ ರಾತ್ರಿ ನಾನು ಹಾಗೆ ಮಾಡಲು ಹೋಗಿದ್ದೆ, ತಮ್ಮ ಎದ್ದು ಬಂದು ತೆಗೆಸಿದ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ತುಂಬಿ ಕೂಡಲೇ ಹೊರಗಿಡಬೇಕು. ಗ್ಯಾಸ್ ಸಿಲಿಂಡರುಗಳನ್ನು ಮೂತಿಯಲ್ಲಿ ಬೇರೆ ಗೂಡಿನಲ್ಲಿ ಇಟ್ಟಿರುವುದಕ್ಕೂ ಕಾರಣವಿದೆ. ಈ ಗ್ಯಾಸು ಗಾಳಿಗಿಂತ ಭಾರ, ಒಳಗೆ ಸೋರಿದರೆ ಬೋಗುಣಿಯಲ್ಲಿ ನೀರು ನಿಂತಂತೆ ದೋಣಿಯ ತಳದಲ್ಲಿ ನಿಲ್ಲುತ್ತದೆ. ಗೂಡಿನ ಬುಡದ ತೂತುಗಳಿಂದ ಅದು ಹೊರಗೆ ಹೋಗುತ್ತದೆ.

ಅಡುಗೆ ಮಾಡುವವರಿಗೆ: ಒಗ್ಗರಣೆ ಹಾಕುವ ಮೊದಲು ಪಕ್ಕದ ಬಾಗಿಲು ತೆರೆಯಿರಿ, ಇಲ್ಲದಿದ್ದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಪಾತ್ರೆಗೆ ಮುಚ್ಚಳ ಹಾಕದೆ ಏನನ್ನೂ ಕುದಿಸಬೇಡಿ. ಆವಿಯೆಲ್ಲ ತಣ್ಣನೆಯ ಕಿಟಕಿಗೆ ಬಡಿದು ನೀರಾಗಿ ಹಾಸಿಗೆಗೆ ಇಳಿಯುತ್ತದೆ. ಇಡ್ಲಿ ಮಾಡಿದ ಬೆಳಿಗ್ಗೆ ಕಿಟಕಿ ಒರೆಸಿ ಎರಡು ಬಟ್ಟೆ ಹಿಂಡಿದೆ. ಮೊಸರು ಮಾತ್ರ ಒಲೆಯ ಪಕ್ಕದಲ್ಲಿ ಇಟ್ಟರೆ ಗಟ್ಟಿಯಾಗಿ, ಸೊಗಸಾಗಿ ಹೆಪ್ಪಾಗುತ್ತದೆ.

ಮಿಕ್ಸಿಗೂ ಲೆಕ್ಕ ಬೇಕು. ಈ ಮೂರಿಂಗಿಗೆ ಕರೆಂಟಿನ ತಂತಿಯಿಲ್ಲ, ಎಲ್ಲವೂ 12 ವೋಲ್ಟಿನ ಬ್ಯಾಟರಿಗಳಿಂದ. 750 ವ್ಯಾಟಿನ ಮಿಕ್ಸಿ ತಿರುಗಿದರೆ ಅವು 60 ಆಂಪಿಯರಿಗಿಂತ ಹೆಚ್ಚು ಕೊಡಬೇಕಾಗುತ್ತದೆ. ನವೆಂಬರಿನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುವುದರಿಂದ ಸೋಲಾರಿನಿಂದ ಏನೂ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಹಾಗಾಗಿ ದಿನಕ್ಕೆ ಎರಡು ಗಂಟೆ ಎಂಜಿನ್ ಓಡಿಸುತ್ತಾರೆ, ಅದೂ ಬೆಳಿಗ್ಗೆ ಎಂಟರ ನಂತರ, ರಾತ್ರಿ ಎಂಟರ ಒಳಗೆ. ಬೇರೆ ದೋಣಿಯವರ ನಿದ್ದೆಗೆ ತೊಂದರೆಯಾಗಬಾರದೆಂಬ ನಿಯಮ ಅದು. ಎಂಜಿನ್ ಓಡುವಾಗಲೇ ನಾನು ಕಾಯಿ ರುಬ್ಬುತ್ತಿದ್ದೆ, ಎಲ್ಲರ ಫೋನೂ ಆಗಲೇ ಚಾರ್ಜಿಗೆ. ಎಂಜಿನ್ನಿನ ಬಿಸಿಯಿಂದ ಸ್ನಾನದ ನೀರೂ ಕಾಯುತ್ತದೆ, ಆದ್ದರಿಂದ ಸ್ನಾನ ಅದರ ಬೆನ್ನಿಗೇ. ಬೆಳಿಗ್ಗೆ ಎದ್ದೊಡನೆ ಸ್ನಾನ ಮಾಡುವ ಅಭ್ಯಾಸವಿದ್ದವರು ಮನಸ್ಸನ್ನು ಸಿದ್ಧ ಮಾಡಿಕೊಂಡು ಬನ್ನಿ.

ದೋಣಿಯ ದೇಖರೇಖಿ ತಮ್ಮನ ಪಾಲಿನದು. ಪ್ರೊಪೆಲ್ಲರಿನ ದಂಡ ದೋಣಿಯಿಂದ ಹೊರಹೋಗುವ ಜಾಗದಲ್ಲಿ ನೀರು ಒಳಬರದಂತೆ, ಓಡಿಸಿದ ದಿನ ಸಂಜೆ ಹಿತ್ತಾಳೆಯ ಹಿಡಿ ತಿರುಗಿಸಿ ಗ್ರೀಸ್ ಒತ್ತುತ್ತಾನೆ. ಪ್ರೊಪೆಲ್ಲರಿಗೆ ಪ್ಲಾಸ್ಟಿಕ್ಕೋ ಹಗ್ಗವೋ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಹಿಂಭಾಗದ ಮುಚ್ಚಳ ತೆಗೆದು ತಣ್ಣನೆಯ ನೀರಿಗೆ ತೋಳಿನವರೆಗೆ ಕೈ ಇಳಿಸಿ ಕತ್ತರಿಸಬೇಕು. ಮುಚ್ಚಳವನ್ನು ಸರಿಯಾಗಿ ಬಿಗಿಯದೆ ಎಂಜಿನ್ ಹಾಕಿದರೆ ದೋಣಿ ಮುಳುಗಿಯೇ ಹೋಗಬಹುದು. ಎರಡು ಮೂರು ವರ್ಷಕ್ಕೊಮ್ಮೆ ಇಡೀ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ತಳ ತೊಳೆಸಿ, ಕರಿ ಬಿಟುಮೆನ್ ಬಳಿಸುವ ಕೆಲಸವಿದೆ. ಉಕ್ಕಿಗೆ ಬೆಸೆದ ಮೆಗ್ನೀಸಿಯಂ ತುಂಡುಗಳನ್ನೂ ಆಗ ನೋಡುತ್ತಾರೆ. ಆ ತುಂಡುಗಳು ತಾವು ಸವೆದು ದೋಣಿಯ ಉಕ್ಕನ್ನು ಉಳಿಸುತ್ತವೆ. ನೆಂಟರು ಹೋಗುವ ಹೊತ್ತಿಗೆ ಈ ಕೆಲಸ ಬಂದರೆ ದೋಣಿಯಲ್ಲಿ ಉಳಿಯುವುದು ಕಷ್ಟ, ಮೊದಲೇ ವಿಚಾರಿಸಿ. ಲಾಕ್‌ಗಳ ರಿಪೇರಿಯೂ ಹೆಚ್ಚಾಗಿ ನವೆಂಬರಿನಿಂದ ಮಾರ್ಚಿಯವರೆಗಿನ ಚಳಿಗಾಲದಲ್ಲೇ. ಎಲ್ಲಿ ಕಾಲುವೆ ಮುಚ್ಚಿದೆ ಎಂದು ಟ್ರಸ್ಟು ಪ್ರಕಟಿಸುತ್ತದೆ.

ಎರಡನೇ ವಾರ ದೋಣಿ ಬಿಚ್ಚಿ ಡಿವೈಜಸ್ ಎಂಬ ಊರಿನ ಕಡೆಗೆ ಹೊರಟೆವು. ಗಂಟೆಗೆ ನಾಲ್ಕು ಮೈಲಿಗಿಂತ ವೇಗವಿಲ್ಲ, ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನ. ರಾತ್ರಿ ಸೀಂಡ್‌ನ ಐದು ಲಾಕ್‌ಗಳ ನಡುವಿನ ಒಂದು ಗಿಡ್ಡ ಕಟ್ಟೆಯಲ್ಲಿ, ಅಂದರೆ ಒಂದು ಲಾಕಿಗೂ ಮುಂದಿನದಕ್ಕೂ ನಡುವೆ ನೀರು ನಿಲ್ಲುವ ಕಾಲುವೆಯ ತುಂಡಿನಲ್ಲಿ, ತಂಗಿದೆವು. ತಮ್ಮ ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟು ಕಟ್ಟಿದ್ದ. ದೋಣಿ ಅಲುಗುತ್ತದೆ ಎಂದು ನಮ್ಮನೆಯವರು ಮಲಗುವ ಮೊದಲು ಅದನ್ನು ಬಿಗಿದರು. ಬೆಳಗಿನ ಜಾವ ಐದಕ್ಕೆ ನನಗೆ ಎಚ್ಚರವಾದಾಗ ನಾನು ಗೋಡೆಗೆ ಒರಗಿಕೊಂಡಿದ್ದೆ, ಅಡುಗೆಮನೆಯಲ್ಲಿ ಲೋಟಗಳು ಜಾರುತ್ತಿದ್ದವು. ಕೆಳಗಿನ ಲಾಕಿನ ನೀರಿನ ತೂಬನ್ನು ಯಾರೋ ಪೂರ್ತಿ ಇಳಿಸದೆ ಹೋಗಿದ್ದರು. ಕಟ್ಟೆಯ ನೀರು ಒಂದೂವರೆ ಅಡಿ ಇಳಿದು, ದೋಣಿ ದಡದ ಕಡೆ ಹಗ್ಗಕ್ಕೆ ನೇತುಬಿದ್ದಿತ್ತು. ತಮ್ಮ ಟಾರ್ಚ್ ಹಿಡಿದು ಓಡಿ ಹಗ್ಗ ಸಡಿಲಿಸಿದ, ಹಿಡಿಕೆ ತೆಗೆದುಕೊಂಡು ಹೋಗಿ ತೂಬು ಮುಚ್ಚಿದ, ಮೇಲಿನ ಕಟ್ಟೆಯಿಂದ ನೀರು ಬಿಟ್ಟುಕೊಂಡು ಬಂದ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಅರ್ಧ ಗಂಟೆ ನನ್ನ ಕೈಕಾಲು ನಡುಗಿದ್ದು ನಿಜ. ದೋಣಿಯವರು ಕಟ್ಟಿದ ಹಗ್ಗವನ್ನು ಕೇಳದೆ ಮುಟ್ಟಬೇಡಿ. ಗಿಡ್ಡ ಕಟ್ಟೆಗಳಲ್ಲಿ ಸಾಧ್ಯವಾದರೆ ತಂಗಲೇಬೇಡಿ.

ಲಾಕಿನೊಳಗೆ ಇನ್ನೊಂದು ಎಚ್ಚರ. ಕೆಳಗಿಳಿಯುವಾಗ ಹಿಂಬದಿಯ ಬಾಗಿಲಿನ ಬುಡದಲ್ಲಿ ಸಿಲ್ ಎನ್ನುವ ಕಲ್ಲಿನ ಮೆಟ್ಟಿಲಿರುತ್ತದೆ, ಗೋಡೆಯ ಮೇಲೆ ಅದರ ಗುರುತಿರುತ್ತದೆ. ದೋಣಿಯ ಹಿಂಭಾಗ ಆ ಗುರುತಿಗಿಂತ ಮುಂದಿರಬೇಕು. ಮೆಟ್ಟಿಲ ಮೇಲೆ ಕೂತರೆ, ನೀರು ಇಳಿದಂತೆ ಮೂತಿ ಕೆಳಗಾಗಿ ದೋಣಿ ಮುಳುಗುತ್ತದೆ. ದೋಣಿ ದಡಕ್ಕೆ ತಾಗುವಾಗ ಕಾಲು ಕೊಟ್ಟು ತಡೆಯಲು ಹೋಗಬೇಡಿ, ಹತ್ತಾರು ಟನ್ನಿನ ಉಕ್ಕು ಅದು. ಮಲೆನಾಡಿನವರಿಗೆ ಗೊತ್ತಿರುವ ಇಲಿ ಜ್ವರ ಅಲ್ಲಿಯೂ ಇದೆ. ಕೈಯಲ್ಲಿ ಗಾಯವಿದ್ದರೆ ಮುಚ್ಚಿಕೊಳ್ಳಿ, ಒದ್ದೆ ಹಗ್ಗ ಮುಟ್ಟಿ ಕೈ ತೊಳೆಯದೆ ತಿನ್ನಬೇಡಿ.

ಡಿವೈಜಸ್‌ನ ಕೇನ್ ಹಿಲ್ಲಿನಲ್ಲಿ 29 ಲಾಕ್‌ಗಳಿವೆ, ಅದರಲ್ಲಿ 16 ಗುಡ್ಡದ ಮೇಲೆ ನೇರ ಸಾಲಾಗಿ. ಎರಡು ಮೈಲಿಯಲ್ಲಿ 237 ಅಡಿ ಏರು. ದೋಣಿಯನ್ನು ಹತ್ತಿಸಲು ಐದಾರು ಗಂಟೆ ಬೇಕು. ನಾವು ಕೆಳಗೇ ಕಟ್ಟಿ ನಡೆದು ಹತ್ತಿದೆವು, ನಿಮಗೂ ಅದನ್ನೇ ಹೇಳುತ್ತೇನೆ. ಜಾನ್ ರೆನ್ನಿ ಯೋಜಿಸಿದ ಈ ಕಾಲುವೆ ಪೂರ್ತಿಯಾದದ್ದು 1810ರಲ್ಲಿ. ರೈಲು ಬಂದ ಮೇಲೆ ಕೇಳುವವರಿಲ್ಲದೆ, ಕಳೆದ ಶತಮಾನದ ಮಧ್ಯಕ್ಕೆ ಹಲವು ಕಡೆ ಹೂಳು ತುಂಬಿ ಹಾಳುಬಿದ್ದಿತ್ತು. ಸ್ವಯಂಸೇವಕರು ವರ್ಷಗಟ್ಟಲೆ ಕೆಸರಲ್ಲಿ ನಿಂತು ಉಳಿಸಿಕೊಂಡದ್ದರಿಂದ 1990ರಲ್ಲಿ ರಾಣಿ ಎಲಿಜಬೆತ್ ಮತ್ತೆ ತೆರೆದರು. ಇವತ್ತೂ ಲಾಕ್ ಬಾಗಿಲು ತಳ್ಳಲು ಸ್ವಯಂಸೇವಕರು ಬರುತ್ತಾರೆ. ಎಪ್ಪತ್ತರ ಆಸುಪಾಸಿನ ಒಬ್ಬರು ಬಾಗಿಲಿನ ತೊಲೆಗೆ ಬೆನ್ನು ಕೊಟ್ಟು, ಕಾಲನ್ನು ನೆಲದ ಇಟ್ಟಿಗೆಯ ಉಬ್ಬಿಗೆ ಒತ್ತಿ ಹೇಗೆ ತಳ್ಳಬೇಕೆಂದು ನನಗೆ ತೋರಿಸಿಕೊಟ್ಟರು. ನಮ್ಮೂರಿನ ಕೆರೆಗಳಿಗೆ ಇಂಥವರು ಹತ್ತು ಜನ ಸಿಕ್ಕಿದ್ದರೆ ಎಂದು ಬಹಳ ಹೊತ್ತು ಅನ್ನಿಸುತ್ತಿತ್ತು.

ದೋಣಿಯಲ್ಲಿ ಯಾರೂ ಪರಿಚಯವಿಲ್ಲದವರು ಬಾಡಿಗೆಗೆ ತೆಗೆದುಕೊಳ್ಳಬಹುದು. ಮೂರು ನಾಲ್ಕು ರಾತ್ರಿಗೋ ಒಂದು ವಾರಕ್ಕೋ ಕೊಡುತ್ತಾರೆ, ಲೈಸೆನ್ಸ್ ಬೇಕಿಲ್ಲ, ಹೊರಡುವ ಮೊದಲು ಓಡಿಸುವುದನ್ನು ಕಲಿಸಿಕೊಡುತ್ತಾರೆ. ಮೊದಲ ಸಲದವರಿಗೆ ಮೇ ಅಥವಾ ಸೆಪ್ಟೆಂಬರ್ ವಾಸಿ. ದಿನವೂ ಸಾಗಲೇಬೇಕೆಂದು ಹಟ ಹಿಡಿಯದೆ ಎರಡು ದಿನ ಒಂದೇ ಕಡೆ ಕಟ್ಟಿಕೊಂಡಿರಿ. ಬೆಳಗಿನ ನಿಶ್ಶಬ್ದದಲ್ಲಿ ಬಾತುಕೋಳಿಗಳು ದೋಣಿಯ ಹೊರಮೈಗೆ ಹತ್ತಿದ ಪಾಚಿಯನ್ನು ಕುಕ್ಕುವ ಸದ್ದು ದಿಂಬಿನ ಪಕ್ಕದಲ್ಲೇ ಕೇಳುತ್ತದೆ, ಅದು ಓಡುವ ದೋಣಿಯಲ್ಲಿ ಸಿಗುವುದಿಲ್ಲ.

ಹೊರಡುವ ಹಿಂದಿನ ದಿನ ನಾವಿಬ್ಬರೂ ತಮ್ಮನ ಜೊತೆ ದೋಣಿ ಬಿಚ್ಚಿಕೊಂಡು ಹೋಗಿ ಟ್ಯಾಂಕು ತುಂಬಿಸಿದೆವು, ಕ್ಯಾಸೆಟ್ ತೊಳೆದೆವು, ಎರಡು ಮೂಟೆ ಕಲ್ಲಿದ್ದಲನ್ನು ಚಾವಣಿಯ ಮೇಲೆ ಇಟ್ಟೆವು. ಬೆಳಿಗ್ಗೆ ಬೂದಿ ತೆಗೆದು, ಕೆಂಡದ ಮೇಲೆ ನಾಲ್ಕು ಉಂಡೆ ಹಾಕಿ, ನಾನು ಸ್ಟೇಷನ್ನಿಗೆ ಹೊರಟೆ. ನೀವೂ ಹೊರಡುವ ಮುನ್ನ ಇಷ್ಟು ಮಾಡಿಕೊಟ್ಟು ಬನ್ನಿ.