ಅಕ್ಕೋರ ಶನಿವಾರ

ಬೆಳಗಾವಿಯ ನಮ್ಮ ಮೆಥೋಡಿಸ್ಟ್ ಚರ್ಚಿನಲ್ಲಿ ಭಾನುವಾರದ ಆರಾಧನೆಗೆ ಬಂದವರಿಗೆ ಸಭಾಪಾಲಕರ (ಪಾದ್ರಿಗಳ) ಹೆಂಡತಿ ಅಕ್ಕೋರು ಕಾಣುತ್ತಿದ್ದದ್ದು ಹೆಂಗಸರ ಕಡೆಯ ಕೊನೇ ಬೆಂಚಿನ ತುದಿಗೆ, ಕಂಬದ ಮರೆಯಲ್ಲಿ. ಅಷ್ಟೊತ್ತಿಗೆ ಅವರ ಕೆಲಸ ಮುಗಿದಿರುತ್ತಿತ್ತು. ಅವರದ್ದೇನಿದ್ದರೂ ಶನಿವಾರ.

ಸ್ಮರಣೆಯ ಲೇಖನಗಳಲ್ಲಿ ತ್ಯಾಗ, ಪ್ರೀತಿ, ತಾಳ್ಮೆ ಅಂತ ಬರೆಯುವುದು ರೂಢಿ. ಆ ಮಾತುಗಳನ್ನು ಯಾರ ಫೋಟೋದ ಕೆಳಗೆ ಇಟ್ಟರೂ ಹೊಂದುತ್ತವೆ. ಅಕ್ಕೋರು ಯಾವ ಕೆಲಸವನ್ನು ಹೇಗೆ ಮಾಡುತ್ತಿದ್ದರು ಅನ್ನುವುದು ಬೇರೆ ಯಾರಿಗೂ ಹೊಂದುವುದಿಲ್ಲ, ಹಾಗಾಗಿ ಅದನ್ನೇ ಬರೆದಿಡುವುದು ಮೇಲು. ಸಭಾಪಾಲಕರ ಹೆಂಡತಿ, ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲ್ವಿಚಾರಕಿ, ಸಂಡೇ ಸ್ಕೂಲಿನ ಶಿಕ್ಷಕಿ, ಹೀಗೆ ಮೂರು ಕೆಲಸ. ಪಗಾರ ಒಂದಕ್ಕೆ ಮಾತ್ರ. ಬೆಳಗಾವಿಯಲ್ಲಿ ಲಂಡನ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1820ರಲ್ಲಿ ಬಂದು ಕೆಲಸ ಶುರು ಮಾಡಿದರು, 1904ರಲ್ಲಿ ಅದನ್ನು ಮೆಥೋಡಿಸ್ಟರೆಂಬ ಪ್ರಾಟೆಸ್ಟಂಟ್ ಪಂಗಡದವರಿಗೆ ಒಪ್ಪಿಸಿದರು. ಅಂದಿನಿಂದ ಈ ಊರಿನಲ್ಲಿ ಇಂಥ ಎಷ್ಟು ಹೆಂಗಸರು ಗಂಡನ ಹೆಸರಿನ ಹಿಂದೆ ಬರೀ ‘ಶ್ರೀಮತಿ’ಯಾಗಿ ಉಳಿದರೋ. ನಮ್ಮ ಅಕ್ಕೋರ ಹೆಸರೂ ಹಾಜರಿ ಪುಸ್ತಕದ ಹೊರಗೆ ಯಾರ ಬಾಯಲ್ಲೂ ಬಂದದ್ದಿಲ್ಲ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರಿಗೂ ರೊಟ್ಟಿಯ ತುಂಡು, ದ್ರಾಕ್ಷಿ ರಸ ಕೊಡುವ ವಿಧಿ. ಮೆಥೋಡಿಸ್ಟರು ಅದಕ್ಕೆ ಹುಳಿಯದ ದ್ರಾಕ್ಷಿ ರಸ ಬಳಸುವವರು. ಥಾಮಸ್ ವೆಲ್ಚ್ ಎಂಬ ಅಮೆರಿಕದ ಮೆಥೋಡಿಸ್ಟ್ ದಂತವೈದ್ಯ 1869ರಲ್ಲಿ ರಸವನ್ನು ಬಾಟಲಿಯಲ್ಲೇ ಕಾಯಿಸಿ ಹುಳಿಯದಂತೆ ಇಡುವುದನ್ನು ಕಂಡುಕೊಂಡದ್ದು ಇದೇ ಕಾರಣಕ್ಕೆ. ಅಕ್ಕೋರ ಹತ್ತಿರ ಬಾಟಲಿ ರಸ ಎಲ್ಲಿಂದ ಬರಬೇಕು? ರವಿವಾರ ಪೇಟೆಯ ಒಣದ್ರಾಕ್ಷಿ ಇತ್ತು. ನೂರಿಪ್ಪತ್ತು ಮಂದಿಗೆ 300 ಗ್ರಾಂ: 200 ಕರಿದು, ಬಣ್ಣಕ್ಕೆ, 100 ವಿಜಯಪುರದ ಹಳದಿ, ಸಿಹಿಗೆ. ಬರೀ ಹಳದಿ ಹಾಕಿದರೆ ರಸ ಚಹಾದ ಬಣ್ಣಕ್ಕೆ ಬರುತ್ತದೆ.

ತೊಳೆಯುವುದೇ ಇದರಲ್ಲಿ ದೊಡ್ಡ ಕೆಲಸ. ವಿಜಯಪುರದ ಕಡೆ ಹಸಿ ದ್ರಾಕ್ಷಿಯನ್ನು ಒಣಹಾಕುವ ಮುಂಚೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ ಬೇಗ ಒಣಗಲಿ ಅಂತ. ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ಬಿಟ್ಟರೆ ಆ ಜಿಡ್ಡು ರಸದ ಮೇಲೆ ತೇಲುತ್ತದೆ, ಗಾಜಿನ ಬಟ್ಟಲಲ್ಲಿ ಹೊಳೆಯುತ್ತದೆ. ಅಕ್ಕೋರು ಕೈ ತಾಳುವಷ್ಟು ಬಿಸಿನೀರಿನಲ್ಲಿ ಎರಡು ಸಲ, ಆಮೇಲೆ ತಣ್ಣೀರಿನಲ್ಲಿ ಒಂದು ಸಲ ತೊಳೆಸುತ್ತಿದ್ದರು. ಸಹಾಯಕ್ಕೆ ಬಂದ ಹುಡುಗಿಯರು ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತರೆ, “ಮೊದ್ಲ ದ್ರಾಕ್ಷಿ ತೊಳೀರಿ, ಆಮ್ಯಾಲ ಪ್ರಾರ್ಥನಿ” ಅನ್ನುತ್ತಿದ್ದರು.

ಶನಿವಾರ ಬೆಳಗ್ಗೆ ಒಂದೂವರೆ ಲೀಟರ್ ನೀರಿನಲ್ಲಿ ನೆನೆಹಾಕಿ, ಸಂಜೆ ಅದೇ ನೀರಿನಲ್ಲಿ ಸಣ್ಣ ಉರಿಯ ಮೇಲೆ ಇಪ್ಪತ್ತು ನಿಮಿಷ ಕುದಿಸಬೇಕು. ಪಾತ್ರೆ ಸ್ಟೀಲಿನದೇ ಆಗಬೇಕು, ದ್ರಾಕ್ಷಿಯ ಹುಳಿಗೆ ತಾಮ್ರ, ಅಲ್ಯುಮಿನಿಯಂ ಆಗಿಬರುವುದಿಲ್ಲ. ಕಟ್ಟಿಗೆಯ ಸೌಟಿನಿಂದ ಜಜ್ಜಿ, ಹಳೇ ಧೋತರದ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ತಾನೇ ಇಳಿಯುತ್ತದೆ. ಅವಸರ ಮಾಡಿ ಹಿಂಡಿದರೆ ತಿರುಳು ಜಾರಿ ಬಟ್ಟಲಿನ ತಳಕ್ಕೆ ಗಸಿ ಕೂರುತ್ತದೆ. ಸುಮಾರು ಒಂದೂಕಾಲು ಲೀಟರ್ ಸಿಗುತ್ತದೆ, ತಲೆಗೆ ಹತ್ತು ಮಿಲಿ ಲೆಕ್ಕಕ್ಕೆ ಸರಿ. ಶುಕ್ರವಾರವೇ ಮಾಡಿಟ್ಟರೆ ಆಗದೇ ಅಂತ ಪ್ರತಿ ಬೇಸಿಗೆಯಲ್ಲೂ ಯಾರಾದರೂ ಕೇಳುವವರೇ. ಏಪ್ರಿಲ್ ಸೆಕೆಯಲ್ಲಿ ಎರಡು ರಾತ್ರಿ ಕಳೆದ ರಸ ಗುಳ್ಳೆ ಏಳುತ್ತದೆ. ಶನಿವಾರದ್ದನ್ನೂ ಮಣ್ಣಿನ ಮಡಕೆಗೆ ಹಸಿ ಬಟ್ಟೆ ಸುತ್ತಿ ಅದರೊಳಗೆ ಇಡುತ್ತಿದ್ದರು.

ರೊಟ್ಟಿಯ ವಿಷಯ ಇಷ್ಟು ಉದ್ದವಿಲ್ಲ. ನಾಲ್ಕು ಸ್ಲೈಸ್ ಬ್ರೆಡ್ಡಿನ ಅಂಚು ತೆಗೆದು ಅರ್ಧ ಇಂಚಿನ ತುಂಡು ಮಾಡಿದರೆ ನೂರಿಪ್ಪತ್ತು ದಾಟುತ್ತದೆ, ಇನ್ನೊಂದು ಸ್ಲೈಸ್ ಕೈಗಾವಲಿಗೆ. ಆದರೆ ಕತ್ತರಿಸುವುದು ಭಾನುವಾರ ಬೆಳಗ್ಗೆಯೇ, ರಾತ್ರಿ ಕತ್ತರಿಸಿದ್ದು ಒಣಗಿ ಪುಡಿ ಉದುರುತ್ತದೆ. ಉಳಿದ ಅಂಚು ಹಾಸ್ಟೆಲಿನಲ್ಲಿ ಉಪ್ಪಿಟ್ಟಾಗುತ್ತಿತ್ತು.

ಮೇಜಿನ ಬಿಳಿ ಬಟ್ಟೆಯ ಮೇಲೆ ರಸ ಚೆಲ್ಲುವುದು ತಪ್ಪಿದ್ದಲ್ಲ. ಸೋಪು ಹಚ್ಚಿದರೆ ಕೆಟ್ಟಿತು, ಕಲೆ ನೀಲಿಗೆ ತಿರುಗಿ ಕೂತುಬಿಡುತ್ತದೆ. ಮೊದಲು ತಣ್ಣೀರು, ಆಮೇಲೆ ನಿಂಬೆಹಣ್ಣು, ಉಪ್ಪು, ಸೋಪು ಕೊನೆಗೆ. ಬೆಳಗಾವಿಯ ಜುಲೈ ಮಳೆಯಲ್ಲಿ ಶನಿವಾರ ಒಗೆದದ್ದು ಭಾನುವಾರಕ್ಕೆ ಒಣಗುವುದು ಸುಳ್ಳು. ಒಲೆಯ ಮೇಲೆ ಕಟ್ಟಿದರೆ ಹೊಗೆ ವಾಸನೆ, ಇದ್ದಿಲ ಇಸ್ತ್ರಿ ಆಡಿಸಿದರೆ ಬೂದಿಯ ಚುಕ್ಕೆ. ಅದಕ್ಕೇ ಎರಡು ಜೊತೆ ಇಟ್ಟು, ಮಳೆಗಾಲದಲ್ಲಿ ಒಗೆತವನ್ನು ಬುಧವಾರಕ್ಕೆ ಹಾಕಿದ್ದರು.

ಹಾಸ್ಟೆಲಿನ ನಲವತ್ತೆರಡು ಹುಡುಗಿಯರಿಗೆ ವಾರದ ಹಿಟ್ಟು ಬೀಸಿಸುವುದೂ ಶನಿವಾರವೇ. ರಾತ್ರಿ ತಲಾ ಎರಡು ಜೋಳದ ರೊಟ್ಟಿ, ಅಡುಗೆಯವರದ್ದೂ ಸೇರಿ ತೊಂಬತ್ತರ ಮೇಲೆ. ಕಿಲೋ ಹಿಟ್ಟಿಗೆ ಹನ್ನೊಂದು ಅಥವಾ ಹನ್ನೆರಡು ರೊಟ್ಟಿ ಅಂದರೆ ದಿನಕ್ಕೆ ಎಂಟು ಕಿಲೋ. ವಾರಕ್ಕಿಂತ ಹೆಚ್ಚಿನ ಹಿಟ್ಟು ಬೀಸಿಸುತ್ತಿರಲಿಲ್ಲ. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಕುದಿಯುವ ಎಸರು ಹಾಕಿ ನಾದಿದಾಗ ಬರುವ ಜಿಗಿಯೇ ಎಲ್ಲಾ, ಹಿಟ್ಟು ಹಳತಾದರೆ ಆ ಜಿಗಿಯೂ ಸಾಯುತ್ತದೆ, ಬಡಿಯುವಾಗಲೇ ಅಂಚು ಸೀಳುತ್ತದೆ. ಗಿರಣಿಗೆ ಹೋಗುವ ಹುಡುಗಿಗೆ ಎರಡು ಪ್ರಶ್ನೆ ಹೇಳಿಕೊಟ್ಟಿದ್ದರು. ನಮ್ಮ ಮುಂಚೆ ಏನು ಬೀಸಿದ್ದೀರಿ? ಕಲ್ಲಿಗೆ ಟಾಕಿ (ಸವೆದ ಬೀಸುಗಲ್ಲನ್ನು ಉಳಿಯಿಂದ ಹೊಡೆದು ಒರಟು ಮಾಡುವುದು) ಯಾವಾಗ ಹಾಕಿಸಿದಿರಿ? ಮೊದಲು ಕಡಲೆ ಬೀಸಿದ್ದರೆ ನಮ್ಮ ಮೊದಲ ಸೇರು ಬೇರೆ ಹಿಡಿಯಬೇಕು. ಟಾಕಿ ಹಾಕಿಸಿದ್ದು ನಿನ್ನೆಯಾದರೆ ಚೀಲ ಎತ್ತಿಕೊಂಡು ಮನೆಗೆ ಬರಬೇಕು. ಅವತ್ತಿನ ಹಿಟ್ಟಿನಲ್ಲಿ ಕಲ್ಲಿನ ಪುಡಿ ಹಲ್ಲಿಗೆ ಸಿಗುತ್ತದೆ.

ಚರ್ಚಿನ ಹೆಂಗಸರ ಸಂಘವಾದ ಸ್ತ್ರೀ ಸಮಾಜಕ್ಕೆ ಮನೆಮನೆಯಿಂದ ಬರುವ ಹಿಡಿ ಜೋಳವೂ ಅವರ ಲೆಕ್ಕದಲ್ಲೇ. ಅಡುಗೆಗೆ ಮುಂಚೆ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುವುದು, ದಿನಕ್ಕೆ ಎರಡು ಹೊತ್ತು. ಹಿಡಿ ಅಂದರೆ 50 ಗ್ರಾಂ ಹಿಡಿಯಿರಿ, ತಿಂಗಳಿಗೆ ಮನೆಗೆ ಮೂರು ಕಿಲೋ. ಮೂವತ್ತು ಮನೆಗಳಿಂದ ಸುಮಾರು ಒಂದು ಕ್ವಿಂಟಲ್‌ಗೆ ಹತ್ತಿರ. ಹಿಟ್ಟು ತಂದರೆ ಮುಖ ನೋಡದೆ ವಾಪಸು ಕಳಿಸುತ್ತಿದ್ದರು, ಕಾಳೇ ಬೇಕು. ಒಬ್ಬರ ಡಬ್ಬಿಯ ನುಸಿ ಎಲ್ಲರ ಚೀಲಕ್ಕೂ ಹತ್ತುವುದರಿಂದ ಬಂದ ಕಾಳನ್ನು ಬಿಸಿಲಿಗೆ ಹರವಿ, ಒಣಗಿದ ಬೇವಿನ ಎಲೆ ಬೆರೆಸಿದ ಮೇಲೆಯೇ ಚೀಲಕ್ಕೆ ತುಂಬುವುದು. ಈ ನಿಷ್ಠುರಕ್ಕೆ ಕೆಲವರು ಮುನಿಸಿಕೊಂಡದ್ದೂ ಉಂಟು.

ಮನೆಭೇಟಿಗೆ ಮಧ್ಯಾಹ್ನ ಮೂರರಿಂದ ಐದು. ಅದಕ್ಕೂ ಮುಂಚೆ ಹೋದರೆ ಊಟದ ಹೊತ್ತು, ಆಮೇಲೆ ಹೋದರೆ ರೊಟ್ಟಿ ಬಡಿಯುವ ಹೊತ್ತು. ಕ್ಯಾಂಪಿನ (ಊರಿನ ದಂಡು ಪ್ರದೇಶದ) ಕಡೆ ಮರಾಠಿಯಲ್ಲೇ ಮಾತು. ಸಾವಾದ ಮನೆಗೆ ಹೋಗುವಾಗ ಚೀಲದಲ್ಲಿ ಚಹಾಪುಡಿ, ಸಕ್ಕರೆ ಇರುತ್ತಿತ್ತು, ಬಂದವರಿಗೆ ಚಹಾ ಮಾಡಿಕೊಡುವ ಭಾರ ಆ ಮನೆಯವರ ಮೇಲೆ ಬೀಳಬಾರದು ಅಂತ. ಹಾಸಿಗೆ ಹಿಡಿದವರ ಹತ್ತಿರ ಪ್ರಾರ್ಥನೆ ಎರಡು ನಿಮಿಷ, ಹೆಚ್ಚಿಲ್ಲ. ಅರ್ಧ ತಾಸು ಗಟ್ಟಿ ದನಿಯಲ್ಲಿ ಪ್ರಾರ್ಥಿಸಿ ಜ್ವರದವರನ್ನು ದಣಿಸುವವರನ್ನು ಕಂಡವರಿಗೆ ಇದರ ಬೆಲೆ ಗೊತ್ತು. ನೋಟುಬುಕ್ಕಿನಲ್ಲಿ ತಾರೀಖು, ಬೀದಿ, ಏನು ಬೇಕು ಅನ್ನುವುದಷ್ಟೇ: ರೇಶನ್ ಕಾರ್ಡು, ಸಕ್ಕರೆ ಕಾಯಿಲೆಯ ಗುಳಿಗೆ, ಪರೀಕ್ಷೆ ಫೀ. ಹೆಸರು ಬರೆಯುತ್ತಿರಲಿಲ್ಲ, ನೋಟುಬುಕ್ ಎಲ್ಲಾದರೂ ಬಿದ್ದರೆ ಯಾರ ಮನೆಯ ಕಷ್ಟವೂ ಬೀದಿಗೆ ಬರಬಾರದಲ್ಲ.

ಮನೆಯೊಳಗೆ ಪಾರ್ಶ್ವವಾಯು ಬಡಿದ ಅತ್ತೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು, ಬೆನ್ನು ಸೊಂಟದ ಮೇಲೆ ಒತ್ತಿದರೂ ಮಾಸದ ಕೆಂಪು ಇದೆಯೇ ಅಂತ ದಿನಾ ನೋಡುವುದು. ಹಾಸಿಗೆ ಹುಣ್ಣು ಅಲ್ಲಿಂದಲೇ ಶುರು. ಭಾನುವಾರ ಸಭಾಪಾಲಕರ ಪ್ರಸಂಗ (ಬೋಧನೆ) ಎಷ್ಟೇ ಉದ್ದವಾಗಲಿ, ಮಗ್ಗಲು ಬದಲಿಸುವ ಹೊತ್ತಿಗೆ ಅಕ್ಕೋರು ಬೆಂಚಿನಿಂದ ಎದ್ದಾಯಿತು. ತುದಿಯಲ್ಲಿ ಕೂರುತ್ತಿದ್ದದ್ದು ಅದಕ್ಕೇ, ವಿನಯಕ್ಕಲ್ಲ.

ಅವರ ಮೂವರು ಮಕ್ಕಳು ಹಾಸ್ಟೆಲಿನ ಪಂಕ್ತಿಯಲ್ಲೇ ಉಣ್ಣುತ್ತಿದ್ದರು, ಅದೇ ತಟ್ಟೆ, ಅದೇ ಎರಡು ರೊಟ್ಟಿ. ನಲವತ್ತೆರಡು ಜನರಿಗೆ ತಾಯಿಯಾಗಿ ನಮಗೆ ಪಾಲು ಬಂದದ್ದು ಕಡಿಮೆ ಅಂತ ಹಿರಿಯ ಮಗಳು ದೊಡ್ಡವಳಾದ ಮೇಲೆ ಹೇಳಿದ್ದನ್ನು ಕೇಳಿದವರಿದ್ದಾರೆ. ಅದು ಸುಳ್ಳಲ್ಲ. ಮೆಥೋಡಿಸ್ಟ್ ಸಭಾಪಾಲಕರ ನೇಮಕಾತಿಯನ್ನು ಬಿಷಪ್ಪರು ಕಾನ್ಫರೆನ್ಸಿನಲ್ಲಿ (ಸಭೆಗಳ ಪ್ರತಿನಿಧಿಗಳ ಸಮ್ಮೇಳನದಲ್ಲಿ) ಓದುತ್ತಾರೆ, ಊರಿನ ಹೆಸರು ಬದಲಾದರೆ ಮಕ್ಕಳ ಶಾಲೆಯೂ ಬದಲಾಗುತ್ತದೆ. ಎರಡು ಟ್ರಂಕು, ಒಂದು ಹೊಲಿಗೆ ಯಂತ್ರ, ರೊಟ್ಟಿಯ ಹಂಚು. ಇದಕ್ಕಿಂತ ಹೆಚ್ಚು ಸಾಮಾನು ಮಾಡಿಕೊಳ್ಳದಿದ್ದದ್ದು ಬಡತನಕ್ಕಷ್ಟೇ ಅಲ್ಲ.

ಬೆಳಗಾವಿ ಬಿಡುವ ಮುನ್ನ ದ್ರಾಕ್ಷಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಹಿಟ್ಟಿನ ಅಂಟಿನಿಂದ ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದರು. ‘ಬಿಸಿನೀರು 2 ಸಲ’ ಅನ್ನುವುದರ ಕೆಳಗೆ ಎರಡು ಗೆರೆ. ಹಾಳೆ ಈಗಲೂ ಅಲ್ಲೇ ಇದೆ. ಮಂದಿ ಹೆಚ್ಚಾದ ಮೇಲೆ ಯಾರೋ ನೀಲಿ ಶಾಯಿಯಲ್ಲಿ 300 ಹೊಡೆದು 400 ಮಾಡಿದ್ದಾರೆ, ನೀರನ್ನೂ ಎರಡು ಲೀಟರಿಗೆ ಏರಿಸಿದ್ದಾರೆ.