ಅಷ್ಟು ದುಡ್ಡು ಕೊಟ್ಟು ಲಿಫ್ಟೂ ಇಲ್ಲದ ಹೋಟೆಲಾ?

ಗ್ರೀಸಿನ ಹನ್ಯಾ ಊರಿನಿಂದ ವಾಪಸ್ ಬಂದಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. ಚಿಕ್ಕಮ್ಮ ಕೇಳಿದರು, ಆಫೀಸಿನಲ್ಲಿ ಕೇಳಿದರು, ಮೊನ್ನೆ ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗ ಪಕ್ಕದವರೂ ಕೇಳಿದರು. "ಒಂದು ರಾತ್ರಿಗೆ 140 ಯೂರೋ ಕೊಟ್ರಂತೆ? ಲಿಫ್ಟ್ ಇಲ್ಲ, ಪೂಲ್ ಇಲ್ಲ, ರೂಮೂ ಚಿಕ್ಕದಂತೆ. ಅದೇ ದುಡ್ಡಿಗೆ ಬೀಚ್ ಪಕ್ಕ ದೊಡ್ಡ ಹೋಟೆಲೇ ಸಿಗ್ತಿತ್ತಲ್ಲ?"

ಸಿಗ್ತಿತ್ತು. ನಾನೇ ನೋಡಿದ್ದೆ. ಊರಿನಿಂದ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಮರಳಿನ ದಂಡೆಯುದ್ದಕ್ಕೂ ಅಂಥ ಹೋಟೆಲುಗಳೇ. ಆದರೂ ಹಳೇ ಬಂದರಿನ ಹಿಂದಿನ ಗಲ್ಲಿಯಲ್ಲಿ, ಎಂಟೇ ರೂಮಿನ ಒಂದು ಮನೆಯಲ್ಲಿ ನಾಲ್ಕು ರಾತ್ರಿ ಇದ್ದೆವು. ನಾನು, ನಮ್ಮವರು, 71 ವರ್ಷದ ಅಮ್ಮ. ಇಂಥ ಹೋಟೆಲಿಗೆ ಬೂಟೀಕ್ ಹೋಟೆಲ್ ಅಂತಾರೆ. ಯಾಕೆ ಅಲ್ಲೇ ಇದ್ದೆವು ಅಂತ ಪ್ರತಿ ಸಲ ಅರ್ಧಂಬರ್ಧ ಹೇಳಿ ಸಾಕಾಗಿದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಹನ್ಯಾ ಇರುವುದು ಗ್ರೀಸಿನ ಕ್ರೀಟ್ ದ್ವೀಪದಲ್ಲಿ. ಇಂಗ್ಲಿಷ್ ನಕ್ಷೆ ನೋಡಿ ಓದಿದರೆ "ಚಾನಿಯಾ" ಅನ್ನಿಸುತ್ತದೆ, ಅಲ್ಲಿಯವರು ಹನ್ಯಾ ಅಂತಾರೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಸೂದಾ ಎಂಬಲ್ಲಿ ಇಳಿಸುತ್ತದೆ. ದೊಡ್ಡ ಹಡಗುಗಳೆಲ್ಲ ಸೂದಾಕ್ಕೇ ಬರಬೇಕು. ಹನ್ಯಾದ ಹಳೇ ಬಂದರಿಗೆ ಅಷ್ಟು ಆಳವಿಲ್ಲ. ಆ ಊರು ಇನ್ನೂ ಹಳೇ ಊರಾಗಿಯೇ ಉಳಿದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಬಂದರಿಗೆ ದೊಡ್ಡ ಹಡಗು ಬಂದಿದ್ದರೆ ದೊಡ್ಡ ಗೋದಾಮು, ಕ್ರೇನು ಎಲ್ಲ ಹಿಂದೆಯೇ ಬರುತ್ತಿದ್ದವು. 1971ರಲ್ಲಿ ದ್ವೀಪದ ರಾಜಧಾನಿಯ ಪಟ್ಟವೂ ಹೆರಾಕ್ಲಿಯನ್‌ಗೆ ಹೋಯಿತು. ಹನ್ಯಾ ತನ್ನ ಪಾಡಿಗೆ ತಾನು ಉಳಿಯಿತು.

ಸೂದಾದಿಂದ ಸಿಟಿ ಬಸ್ ಹತ್ತಿ, ಶಿಲುಬೆ ಆಕಾರದ ಹಳೇ ಮಾರುಕಟ್ಟೆ ಹತ್ತಿರ ಇಳಿದಾಗ ಇನ್ನೂ ಏಳು ಗಂಟೆ ಆಗಿರಲಿಲ್ಲ. ಹೋಟೆಲಿನವರು ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ಹಳೇ ಊರೊಳಗೆ ನಮ್ಮ ಗಲ್ಲಿಯವರೆಗೆ ಕಾರು ಹೋಗುವುದಿಲ್ಲ. ಕಲ್ಲುಹಾಸಿನ ಮೇಲೆ ಮೂರು ಸೂಟ್‌ಕೇಸಿನ ಚಕ್ರಗಳು ಗಡಗಡ ಅಂತ ಇಡೀ ಬೀದಿಯನ್ನು ಎಬ್ಬಿಸುವ ಹಾಗೆ ಸದ್ದು ಮಾಡಿದವು. ಅಮ್ಮನಿಗೆ ನಾಚಿಕೆ. "ಎತ್ಕೊಂಡು ಬನ್ರೋ, ಜನ ಮಲಗಿದಾರೆ" ಅಂತ ಬೈದರು.

ತಿರುವು ದಾಟಿದ್ದೇ ಬಂದರು ಕಾಣಿಸಿತು.

ಯಾರೂ ಇರಲಿಲ್ಲ. ಒಬ್ಬಾತ ಪೈಪು ಹಿಡಿದು ಹೋಟೆಲ್ ಮುಂದಿನ ಕಲ್ಲು ತೊಳೆಯುತ್ತಿದ್ದ. ಒಂದು ದೋಣಿಯಲ್ಲಿ ಇಬ್ಬರು ಹಳದಿ ಬಲೆ ಬಿಡಿಸುತ್ತಿದ್ದರು, ಅವರೆದುರು ಐದಾರು ಬೆಕ್ಕುಗಳು ಪಂಕ್ತಿಗೆ ಕೂತ ಹಾಗೆ ಕೂತಿದ್ದವು. ಬಲಕ್ಕೆ ಗುಮ್ಮಟಗಳ ಮಸೀದಿ. 1645ರಲ್ಲಿ ಟರ್ಕಿಯ ಒಟ್ಟೋಮನ್ನರು ಊರನ್ನು ವೆನಿಸ್‌ನವರಿಂದ ಕಿತ್ತುಕೊಂಡ ಮೇಲೆ ಕಟ್ಟಿದ್ದು. ಈಗ ಅಲ್ಲಿ ನಮಾಜ್ ಇಲ್ಲ, ಮಿನಾರೂ ಇಲ್ಲ. ಎದುರಿಗೆ, ನೀರಿನಾಚೆ ಗೋಡೆಯ ತುದಿಯಲ್ಲಿ ದೀಪಸ್ತಂಭ. ಮೊದಲು ಕಟ್ಟಿದ್ದು ವೆನಿಸ್‌ನವರು. ಈಗಿರುವ ರೂಪ ಕೊಟ್ಟಿದ್ದು 19ನೇ ಶತಮಾನದಲ್ಲಿ ಕ್ರೀಟನ್ನು ಕೆಲ ಕಾಲ ಆಳಿದ ಈಜಿಪ್ಟಿನವರು. ಅದಕ್ಕೇ ನೋಡಲು ಮಿನಾರಿನ ಹಾಗಿದೆ. ಬುಡಕ್ಕೆ ಎಂಟು ಮೂಲೆ, ನಡುವಿಗೆ ಹದಿನಾರು ಮೂಲೆ, ಮೇಲೆ ಗುಂಡಗೆ. ಅಮ್ಮ ಒಂದು ಕಲ್ಲಿನ ಮೇಲೆ ಕೂತು, ಬ್ಯಾಗಿನಿಂದ ಚಕ್ಕುಲಿ ತೆಗೆದು, ಸುಮ್ನೆ ನೋಡುತ್ತಾ ತಿಂದರು. ನಾನು ಅವರನ್ನು ಅಷ್ಟು ಹೊತ್ತು ಮಾತಿಲ್ಲದೆ ನೋಡಿದ್ದೇ ಕಡಿಮೆ.

ಹನ್ನೊಂದು ಗಂಟೆಗೆ ಅದೇ ಜಾಗಕ್ಕೆ ಬಂದರೆ ಕಾಲಿಡಲು ಜಾಗವಿರಲಿಲ್ಲ. ಟೂರ್ ಬಸ್ಸಿನವರು, ಸೂದಾದಲ್ಲಿ ನಿಂತ ಪ್ರವಾಸಿ ಹಡಗಿನವರು, ಮೆನು ಹಿಡಿದು ಕರೆಯುವವರು. ಅದೇ ನೀರು, ಅದೇ ದೀಪಸ್ತಂಭ. ಆದರೆ ಬೇರೆ ಊರು.

ನಾನು 140 ಯೂರೋ ಕೊಟ್ಟಿದ್ದು ಬೆಳಗಿನ ಆ ಎರಡು ಗಂಟೆ ಹೊತ್ತಿಗಾಗಿ. ಹಾಸಿಗೆ, ತಿಂಡಿ ಎಲ್ಲ ಅದರ ಜೊತೆಗೆ ಬಂದಿದ್ದು. ಬೀಚಿನ ಹೋಟೆಲಿನಿಂದ ಬೆಳಗ್ಗೆ ಆರಕ್ಕೆ ಎದ್ದು ಬಸ್ ಹಿಡಿದು ಬಂದ್ರಾಯ್ತಲ್ಲ ಅಂತೀರಿ. ಬರಲ್ಲ. ರಜೆಯಲ್ಲಿ ಯಾರೂ ಬರಲ್ಲ. ಗಲ್ಲಿಯಲ್ಲೇ ಮಲಗಿದ್ದರೆ ಚಪ್ಪಲಿ ಮೆಟ್ಟಿಕೊಂಡು, ತಲೆಗೂದಲೂ ಬಾಚದೆ ಹೋಗಬಹುದು. ನಾಲ್ಕೂ ದಿನ ಹೋದೆವು.

ಇನ್ನು ಆ ಮನೆಯ ವಿಷಯ. ನಮ್ಮ ಗಲ್ಲಿ ಇದ್ದ ಕೇರಿಯ ಹೆಸರು ತೊಪಾನಾಸ್. ಟರ್ಕಿಯ ಮಾತಿನಲ್ಲಿ ತೋಪುಗಳನ್ನು ಇಡುವ ಜಾಗ ಅಂತ ಅರ್ಥವಂತೆ. ಅಮ್ಮ ತಕ್ಷಣ "ತೋಪಖಾನೆ!" ಅಂದರು. ಹೌದು, ಅದೇ ಪದ. ಟರ್ಕಿಯಿಂದ ಹೊರಟು ಪರ್ಷಿಯನ್, ಉರ್ದು ಸುತ್ತಿ ನಮ್ಮಲ್ಲಿಗೆ ಬಂದ ತೋಪು, ಕ್ರೀಟಿನ ಈ ಗಲ್ಲಿಯಲ್ಲೂ ಬಿದ್ದಿತ್ತು. ಪಕ್ಕದಲ್ಲೇ ಫಿರ್ಕಾಸ್ ಕೋಟೆ. ಕ್ರೀಟ್ ಗ್ರೀಸಿಗೆ ಸೇರಿದಾಗ, 1913ರ ಡಿಸೆಂಬರ್ 1ರಂದು, ಗ್ರೀಕ್ ಬಾವುಟ ಹಾರಿಸಿದ್ದು ಅಲ್ಲೇ.

ಮನೆಗೆ ಮೂರು ಅಂತಸ್ತು, ಬೇರೆ ಬೇರೆ ಕಾಲದ್ದು. ಕೆಳಗೆ ಕಮಾನಿನ ಕಲ್ಲುಕೋಣೆ, ವೆನಿಸ್‌ನವರ ಕಾಲದ್ದು. ಆಗ ಅಲ್ಲಿ ಎಣ್ಣೆ ಇಡುತ್ತಿದ್ದರಂತೆ, ಈಗ ರಿಸೆಪ್ಶನ್. ಅದರ ಮೇಲೆ ದಪ್ಪ ಗೋಡೆಯ ಒಂದು ಮಹಡಿ. ಅದರ ಮೇಲೆ ಟರ್ಕಿಯವರ ಕಾಲದಲ್ಲಿ ಸೇರಿಸಿದ ಮರದ ಮಹಡಿ. ಅದರ ಕಿಟಕಿ ಪೆಟ್ಟಿಗೆಯ ಹಾಗೆ ಗಲ್ಲಿಯ ಮೇಲಕ್ಕೆ ಚಾಚಿಕೊಂಡಿತ್ತು. ಒಳಗೆ ಕೂತರೆ ಗಲ್ಲಿಯ ಎರಡೂ ತುದಿ ಕಾಣುತ್ತದೆ, ಗಲ್ಲಿಯಲ್ಲಿ ನಿಂತವರಿಗೆ ನೀವು ಕಾಣುವುದಿಲ್ಲ. ಅಮ್ಮ ಮಧ್ಯಾಹ್ನವೆಲ್ಲ ಅಲ್ಲೇ. ನಮ್ಮ ರೂಮು ಆ ಮಹಡಿಯಲ್ಲೇ. ಅಮ್ಮನಿಗೆ ಕೆಳಗೆ ಮಂಚ, ನಮಗೆ ಏಣಿಯಂಥ ಮೆಟ್ಟಿಲು ಹತ್ತಿ ಅಟ್ಟದ ಮೇಲೆ. "ಉಪ್ಪಿನಕಾಯಿ ಜಾಡಿ ಇಡೋ ಜಾಗದಲ್ಲಿ ಮಲಗೋಕೆ ಇಷ್ಟು ದುಡ್ಡಾ?" ಅಂತ ಅಮ್ಮ ನಕ್ಕರು.

ಮೆಟ್ಟಿಲು 31. ಅಮ್ಮ ಎಣಿಸಿದ್ದು, ಪ್ರತಿ ಸಲವೂ. ಮೊಣಕಾಲು ನೋವಿರುವವರನ್ನು ಕರೆದುಕೊಂಡು ಹೋಗುವಾಗ ಈ ಲೆಕ್ಕ ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ಇದು ನನ್ನದೇ ತಪ್ಪು. ಎರಡನೇ ದಿನದಿಂದ ಒಂದು ಪದ್ಧತಿ ಮಾಡಿಕೊಂಡೆವು. ಬೆಳಗ್ಗೆ ಒಮ್ಮೆ ಇಳಿಯುವುದು, ಮಧ್ಯಾಹ್ನ ಹತ್ತುವುದು, ಸಂಜೆ ಇನ್ನೊಮ್ಮೆ, ಅಷ್ಟೇ. ಮರೆತ ಕನ್ನಡಕ ತರುವುದು ನಮ್ಮವರ ಕೆಲಸ.

ಲಿಫ್ಟ್ ಯಾಕೆ ಹಾಕಿಸಿಲ್ಲ ಅಂತ ನಾನೂ ಕೇಳಿದೆ. ಹೋಟೆಲ್ ನಡೆಸುವ ಮನೆಯಾಕೆ ನಕ್ಕು, ನೆಲದ ಕಡೆ ಬೆರಳು ತೋರಿಸಿದರು. ಲಿಫ್ಟಿಗೆ ಗುಂಡಿ ತೋಡಬೇಕು. ಹನ್ಯಾದ ಹಳೇ ಊರಲ್ಲಿ ಗುಂಡಿ ತೋಡಿದರೆ ಪುರಾತತ್ವದವರು ಬರುತ್ತಾರೆ, ಏನಾದರೂ ಸಿಕ್ಕಿದರೆ ಕೆಲಸ ಅಲ್ಲಿಗೇ ನಿಂತಿತು. ಉತ್ಪ್ರೇಕ್ಷೆ ಅಂದುಕೊಂಡೆ. ಮರುದಿನ ಕಸ್ತೆಲಿ ಗುಡ್ಡದ ಕಡೆ ಹೋದರೆ, ಮನೆಗಳ ನಡುವೆ ಬೇಲಿ ಹಾಕಿದ ಒಂದು ಹಳ್ಳ. ಅದರಲ್ಲಿ ಕ್ರೀಟಿನ ಪ್ರಾಚೀನ ಮಿನೋವನ್ ನಾಗರಿಕತೆಯ ಕಾಲದ ಮನೆಗಳ ಅಡಿಪಾಯ, ಮೂರು ಸಾವಿರ ವರ್ಷಕ್ಕೂ ಹಿಂದಿನದು. ಪಕ್ಕದ ಮನೆಯವರು ಅದರ ಮೇಲೆಯೇ ಬಟ್ಟೆ ಒಣಹಾಕಿದ್ದರು. ಕೆಲವು ಕಡೆ ಸೂರೇ ಇಲ್ಲದ ಕಲ್ಲುಗೋಡೆಗಳ ನಡುವೆ ಮೇಜು ಹಾಕಿ ಊಟ ಬಡಿಸುತ್ತಾರೆ. 1941ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು ಈ ಊರಿನ ಮೇಲೆ ಬಾಂಬು ಸುರಿದಾಗ ಎಷ್ಟೋ ಮನೆಗಳ ಸೂರು ಹಾರಿತ್ತು.

ಹಾಗಾಗಿ ರೂಮು ಚಿಕ್ಕದು ಅಂದರೆ ಚಿಕ್ಕದೇ. ಗೋಡೆ ಸರಿಸುವ ಹಾಗಿಲ್ಲ. ಬಚ್ಚಲನ್ನು ಹಿಂದೆ ಕಪಾಟು ಇದ್ದ ಜಾಗಕ್ಕೆ ತುರುಕಿದ ಹಾಗಿತ್ತು. ಸೋಪು ಬಿದ್ದರೆ ಬಗ್ಗಿ ಎತ್ತಲು ಬಾಗಿಲು ತೆಗೆಯಬೇಕು. ಅದೇ ದಪ್ಪ ಗೋಡೆಯಿಂದಾಗಿ ಮಧ್ಯಾಹ್ನದ ಬಿಸಿಲಿಗೂ ಕೆಳಗಿನ ಮಹಡಿಗಳು ತಣ್ಣಗಿದ್ದವು. ನಮ್ಮ ಮರದ ಮಹಡಿಗೆ ಆ ಭಾಗ್ಯ ಇರಲಿಲ್ಲ, ಏಸಿ ಹಾಕಿಕೊಂಡೆವು. ಇನ್ನೊಂದು, ಟಾಯ್ಲೆಟ್ ಪೇಪರ್ ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಬುಟ್ಟಿಗೆ ಹಾಕಬೇಕು. ಪೈಪುಗಳು ಸಣ್ಣವು. ಗ್ರೀಸಿನಲ್ಲಿ ತುಂಬ ಕಡೆ ಹೀಗೇ. ಬೆಂಗಳೂರಿನಿಂದಲೇ ಮಗ್ ಒಯ್ದಿದ್ದ ಅಮ್ಮನಿಗೆ ಇದರ ಚಿಂತೆಯೇ ಇರಲಿಲ್ಲ.

ನಿಜವಾಗಿ ಕಷ್ಟ ಕೊಟ್ಟಿದ್ದು ಸದ್ದು. ಹಾಸಿಗೆ ಪಕ್ಕ ಒಂದು ಪಿಂಗಾಣಿ ಬಟ್ಟಲಲ್ಲಿ ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಬಿರಡೆಗಳಿದ್ದವು. ಅಲಂಕಾರಕ್ಕೆ ಇರಬೇಕು ಅಂತ ಮೊದಲ ರಾತ್ರಿ ಮುಟ್ಟಲಿಲ್ಲ. ಕೆಳಗಿನ ಊಟದ ಅಂಗಡಿಯಲ್ಲಿ ಹನ್ನೆರಡೂವರೆವರೆಗೂ ಹಾಡು. ಆಮೇಲೆ ಕುರ್ಚಿ ಎಳೆಯುವ ಸದ್ದು. ಅದಾದ ಮೇಲೆ ಕೆಲಸ ಮುಗಿಸಿದ ಹುಡುಗರ ಹರಟೆ. ಎರಡನೇ ರಾತ್ರಿ ಬಟ್ಟಲು ಖಾಲಿ ಮಾಡಿದೆವು. ಕಿಟಕಿ ಗಲ್ಲಿಗೆ ಬೇಕಾ, ಒಳಗಿನ ಅಂಗಳಕ್ಕೆ ಬೇಕಾ ಅಂತ ಬುಕ್ ಮಾಡುವಾಗ ಅವರು ಕೇಳಿದ್ದರು. ನಾನು ದೊಡ್ಡದಾಗಿ "ಗಲ್ಲಿಗೆ" ಅಂದಿದ್ದೆ.

ತಿಂಡಿ ಅಂಗಳದಲ್ಲಿ. ಮೊಸರು, ಥೈಮ್ ಹೂವಿನ ಜೇನು, ಮಿಜಿತ್ರಾ ಅನ್ನುವ ಮೆತ್ತನೆ ಚೀಸ್ ತುಂಬಿದ ಪುಟ್ಟ ಕಡುಬಿನಂಥ ಕಲಿತ್ಸೂನಿಯಾ. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಅದನ್ನು ಹೇಳಿದಾಗ ಮನೆಯಾಕೆ ನಮಗೆ ಒಂದು ಪದ ಕಲಿಸಿದರು, "ನಿಸ್ತೀಸಿಮೊ". ಉಪವಾಸದ ಅಡುಗೆ ಅಂತ. ಅಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲಿನ ಪದಾರ್ಥ ತಿನ್ನುವುದಿಲ್ಲ. ಹಾಗಾಗಿ ಹುರುಳಿಕಾಯಿ, ಬದನೆಕಾಯಿ, ದೊಡ್ಡ ಬೀನ್ಸ್ ಎಲ್ಲವನ್ನೂ ಆಲಿವ್ ಎಣ್ಣೆಯಲ್ಲಿ ಬೇಯಿಸುವುದು ಅವರಿಗೆ ಕರತಲಾಮಲಕ. ಒಂದೇ ಎಚ್ಚರಿಕೆ. ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ಅಡ್ಡಿಯಿಲ್ಲ, ಹಾಗಾಗಿ ಬಿಡಿಸಿ ಕೇಳಬೇಕು. ಒಣ ಬಾರ್ಲಿ ರೊಟ್ಟಿಯ ಮೇಲೆ ಟೊಮೆಟೊ ತುರಿದು, ಚೀಸ್ ಉದುರಿಸಿ ಕೊಡುವ ದಾಕೋಸ್ ಅಮ್ಮನಿಗೆ ಎಷ್ಟು ಹಿಡಿಸಿತೆಂದರೆ ಮೂರು ರಾತ್ರಿ ಅದೇ ಊಟ.

ದೊಡ್ಡ ಹೋಟೆಲಿನಲ್ಲಿ ಇದನ್ನೆಲ್ಲ ಹೇಳಿಕೊಡುವವರು ಇರುವುದಿಲ್ಲವಾ? ಇರಬಹುದು. ಆದರೆ ಇನ್ನೂರು ರೂಮಿನ ನಡುವೆ ಅಮ್ಮ ಮೊಟ್ಟೆ ತಿನ್ನಲ್ಲ ಅನ್ನುವುದು ಮರುದಿನ ಯಾರಿಗೆ ನೆನಪಿರುತ್ತದೆ? ಚಾಕು ಕೊಳ್ಳಲು ಸಿಫಾಕಾ ಬೀದಿಗೆ ಹೋಗಿ ಅಂತ ಹೇಳಿದ್ದೂ ಈಕೆಯೇ. ಅಲ್ಲಿ ಅಂಗಡಿಯವರು ಚಾಕುವಿನ ಅಲಗಿನ ಮೇಲೆ ಮಾಂತಿನಾದ ಎಂಬ ಎರಡು ಸಾಲಿನ ಪದ್ಯ ಕೆತ್ತಿ ಕೊಡುತ್ತಾರೆ. ತೆಂಗಿನಕಾಯಿ ಒಡೆಯೋಕೆ ಆಗಲ್ಲ ಅಂತ ಅಮ್ಮ ಅದನ್ನು ಕೊಳ್ಳಲು ಬಿಡಲಿಲ್ಲ.

ಈಗ ಯಾರಾದರೂ ಹೋಗುತ್ತೇನೆ ಅಂದರೆ ನಾನು ಹೇಳುವುದು ಇಷ್ಟು. ಬುಕ್ ಮಾಡುವ ಮುಂಚೆ ಎಷ್ಟು ಮೆಟ್ಟಿಲು, ಕಿಟಕಿ ಯಾವ ಕಡೆ, ಕಾರು ಎಲ್ಲಿಯವರೆಗೆ ಬರುತ್ತದೆ ಅಂತ ಬರೆದು ಕೇಳಿ. ಉತ್ತರದಲ್ಲಿ "ಸ್ವಲ್ಪ ಮೆಟ್ಟಿಲು" ಅಂತ ಬಂದರೆ ಸಂಖ್ಯೆ ಕೇಳಿ. ಸರ್ಕಾರದ ತೆರಿಗೆ ಬುಕಿಂಗ್ ದುಡ್ಡಿನಲ್ಲಿ ಸೇರಿರದೆ ಇರಬಹುದು. ರೂಮಿಗೆ, ರಾತ್ರಿಗೆ ಇಷ್ಟು ಅಂತ ಅಲ್ಲಿಯೇ ಕೊಡಬೇಕಾಗುತ್ತದೆ. ಜುಲೈ, ಆಗಸ್ಟ್ ಬೇಡ, ಮೇ ಒಳ್ಳೇದು. ಚಳಿಗಾಲದಲ್ಲಿ ಎಷ್ಟೋ ಮನೆಗಳು ಬಾಗಿಲು ಹಾಕಿರುತ್ತವೆ. ಉತ್ತರದ ಗಾಳಿ ಎದ್ದರೆ ಅಲೆ ಬಂದರಿನ ಕಲ್ಲುಹಾಸಿನ ಮೇಲೇ ಹರಿಯುತ್ತದಂತೆ.

ಕಳೆದ ತಿಂಗಳು ತಂಗಿ ಇದೇ ಪ್ರಶ್ನೆ ಕೇಳಿದಳು. ಒಂದು ಗಂಟೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿ, ಬೀಚ್ ಪಕ್ಕದ ಪೂಲ್ ಇರುವ ಹೋಟೆಲನ್ನೇ ಬುಕ್ ಮಾಡಿದಳು. ಅವಳ ಮಕ್ಕಳಿಗೆ ಐದು ಮತ್ತು ಮೂರು ವರ್ಷ. ಒಳ್ಳೇದೇ ಮಾಡಿದೆ ಅಂದೆ.